ದುರ್ಗಕ್ಕೆ ಹೋಗಿರಲೇ, ಅಮ್ಮನನ್ನೇ ಕರೆತರಲೇ?

ಪ್ರಶ್ನೆ: ಅಕ್ಕಾ, ನನ್ನ ತವರು ಚಿತ್ರದುರ್ಗ. ಮದುವೆಯಾಗಿ ಬೆಂಗಳೂರಿನಲ್ಲಿದ್ದೇನೆ. ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮಗ ಮೂರನೇ ಕ್ಲಾಸು. ಅಮ್ಮನಿಗೆ 61 ವರ್ಷ. ಎದೆಯಲ್ಲಿ ಗಂಟು ಸಿಕ್ಕಿ, ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ, ಹೋದ ತಿಂಗಳು ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಇನ್ನು ಎಂಟು ಕೀಮೋ, ಆಮೇಲೆ ರೇಡಿಯೇಷನ್, ಎಲ್ಲ ಅಲ್ಲೇ ಆಗುತ್ತದೆ ಎಂದಿದ್ದಾರೆ. ಅಪ್ಪನಿಗೆ ಸಂತೆಹೊಂಡದ ಹತ್ತಿರ ಕಿರಾಣಿ ಅಂಗಡಿ, ಬೆಳಗ್ಗೆ ಹೋದರೆ ರಾತ್ರಿಯೇ ಮನೆಗೆ. ಹುಬ್ಬಳ್ಳಿಯಲ್ಲಿರುವ ಅಣ್ಣ ‘ದುಡ್ಡು ಎಷ್ಟು ಬೇಕಾದ್ರೂ ಕಳಿಸ್ತೀನಿ, ಬಂದು ಇರೋಕೆ ಮಾತ್ರ ಆಗಲ್ಲ’ ಎನ್ನುತ್ತಾನೆ. ನಾನು ಕೆಲಸ ಬಿಟ್ಟು ಆರೇಳು ತಿಂಗಳು ದುರ್ಗಕ್ಕೆ ಹೋಗಿರಲೇ? ಅಥವಾ ಅಮ್ಮನನ್ನೇ ಬೆಂಗಳೂರಿಗೆ ಕರೆತಂದು ಇಲ್ಲಿ ತೋರಿಸಲೇ? ಅಮ್ಮನನ್ನು ಕೇಳಿದರೆ ‘ನಂಗೇನಾಗಿಲ್ಲ, ನೀನು ಸಂಸಾರ ಬಿಟ್ಟು ಬಂದು ಕೂತ್ರೆ ಜನ ಏನಂತಾರೆ’ ಎನ್ನುತ್ತಾಳೆ. ಮಗನನ್ನು ಜೊತೆಗೆ ಕರೆದೊಯ್ಯಬೇಕೋ ಬೇಡವೋ, ಅದೂ ತಿಳಿಯುತ್ತಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ತಂಗೀ, ಹೋಗು. ಆದರೆ ಆರೇಳು ತಿಂಗಳು ಒಂದೇ ಸಮ ಅಲ್ಲ, ಕೆಲಸ ಬಿಟ್ಟಂತೂ ಅಲ್ಲ. ದಾವಣಗೆರೆಯ ಕೀಮೋ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು ನಾನು. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಮೊದಲ ಕೀಮೋಗೆ ರೋಗಿಯ ಜೊತೆ ಕಾರು ತುಂಬಾ ಜನ ಬರುತ್ತಾರೆ. ಐದನೆಯದರ ಹೊತ್ತಿಗೆ ಎಲ್ಲರ ರಜೆಯೂ ಮುಗಿದಿರುತ್ತದೆ, ಆ ತಾಯಿ ಒಬ್ಬಳೇ ಬಸ್ಸಿಳಿದು ಫೈಲು ಹಿಡಿದು ಬಂದು ಕೂರುತ್ತಾಳೆ. ನಿನ್ನ ಅಮ್ಮನಿಗೆ ಹಾಗಾಗಬಾರದು. ಅದಕ್ಕೇ ನಿನ್ನ ರಜೆ, ನಿನ್ನ ಶಕ್ತಿ ಎರಡನ್ನೂ ಕೊನೆಯವರೆಗೆ ಬರುವಂತೆ ಹಂಚಿಕೊಳ್ಳಬೇಕು.

ಮೊದಲು ಡಾಕ್ಟರ ಹತ್ತಿರ ಕೂತು ಔಷಧಿ ಯಾವುದು, ಎಷ್ಟು ದಿನಕ್ಕೊಮ್ಮೆ ಎಂದು ಬರೆಸಿಕೊ. ಎಂಟು ಎಂದರೆ ಹೆಚ್ಚಾಗಿ 21 ದಿನಕ್ಕೊಂದು, ಸುಮಾರು ಆರು ತಿಂಗಳು. ಮೊದಲ ನಾಲ್ಕರಲ್ಲಿ ಸಾಮಾನ್ಯವಾಗಿ ಕೆಂಪು ಔಷಧಿ ಇರುತ್ತದೆ, ಆಮೇಲಿನ ನಾಲ್ಕು ಬೇರೆ ಜಾತಿಯದು. ಆ ಎರಡನೆಯದನ್ನು ಕೆಲವರಿಗೆ ವಾರಕ್ಕೊಂದರಂತೆ 12 ಸಲ ಕೊಡುವುದೂ ಉಂಟು. ದಿನಾಂಕ ಸಿಕ್ಕಿದ ಮೇಲೆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕು, ಅಪ್ಪನಿಗೂ ಕಾಣಲಿ.

ಆ 21 ದಿನವೂ ಒಂದೇ ಥರ ಇರುವುದಿಲ್ಲ. ಮೊದಲ ನಾಲ್ಕೈದು ದಿನ ವಾಂತಿ, ವಾಕರಿಕೆ, ಏಳಲಾಗದಷ್ಟು ಸುಸ್ತು. ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ನೋಡಲು ಸುಧಾರಿಸಿದಂತೆ ಕಾಣುತ್ತಾರೆ, ಆದರೆ ಅದೇ ಅಪಾಯದ ವಾರ. ರಕ್ತದಲ್ಲಿ ಬಿಳಿ ಕಣ ತೀರಾ ಇಳಿದಿರುತ್ತವೆ. ಮೂರನೇ ವಾರ ಅಮ್ಮ ಎದ್ದು ಓಡಾಡುತ್ತಾಳೆ, ‘ಒಗ್ಗರಣೆ ನಾನೇ ಹಾಕ್ತೀನಿ’ ಎನ್ನುತ್ತಾಳೆ. ಮೊದಲ ಎರಡು ಸುತ್ತು ನೀನು ದುರ್ಗದಲ್ಲೇ ಇರು, ಅಮ್ಮನ ಮೈ ಈ ಔಷಧಿಯನ್ನು ಹೇಗೆ ತಾಳುತ್ತದೆ ಎಂಬುದು ಆಗಲೇ ತಿಳಿಯುವುದು. ಆಮೇಲೆ ಕೀಮೋದ ಹಿಂದಿನ ದಿನ ಬಂದು ಆ ಹದಿನಾಲ್ಕನೇ ದಿನ ಕಳೆದ ಮೇಲೆ ಹೊರಡು. ಮೂರನೇ ವಾರ ನಿನ್ನ ಮನೆ, ನಿನ್ನ ಮಗ. ಮೂರ್ನಾಲ್ಕು ಸುತ್ತು ಸಲೀಸಾಗಿ ಆದರೆ ಇನ್ನೂ ಸ್ವಲ್ಪ ಮುಂಚೆ ಹೊರಟರೂ ಆದೀತು, ಅಪಾಯದ ವಾರದಲ್ಲಿ ಬೇರೆ ಯಾರಾದರೂ ಮನೆಯಲ್ಲಿರಬೇಕು ಅಷ್ಟೆ. ಐದನೆಯದಕ್ಕೆ ಔಷಧಿ ಬದಲಾದರೆ ಮತ್ತೆ ಪೂರ್ತಿ ಸುತ್ತು ಉಳಿದುಕೊ. ಅದರಲ್ಲಿ ಮೈಕೈ ನೋವು, ಕೈಕಾಲು ಬೆರಳು ಜೋಮು ಹಿಡಿದಂತಾಗುವುದು ಜಾಸ್ತಿ.

ಜ್ವರದ ವಿಷಯ ಬಿಡಿಸಿ ಹೇಳಲೇಬೇಕು. ಡಿಜಿಟಲ್ ಥರ್ಮಾಮೀಟರ್ ಒಂದನ್ನು ಅಮ್ಮನ ದಿಂಬಿನ ಪಕ್ಕವೇ ಇಡು. 100.4 ಡಿಗ್ರಿ ಮುಟ್ಟಿತೋ, ರಾತ್ರಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಲೇಬೇಕು. ಜ್ವರದ ಮಾತ್ರೆ ನುಂಗಿಸಿ ‘ಬೆಳಗ್ಗೆ ನೋಡೋಣ’ ಎನ್ನಬೇಡಿ. ಮಾತ್ರೆಗೆ ಜ್ವರ ಇಳಿಯುತ್ತದೆ, ಸೋಂಕು ಒಳಗೇ ಏರುತ್ತದೆ. ದುರ್ಗದಿಂದ ದಾವಣಗೆರೆ 60 ಕಿಲೋಮೀಟರ್, ರಾತ್ರಿಯಲ್ಲೂ ಹೈವೇಯಲ್ಲಿ ಹೋಗಬಹುದು. ಆದರೂ ಕರೆದಾಗ ಬರುವ ಕಾರಿನವರ ನಂಬರು ಅಪ್ಪನ ಫೋನಿನಲ್ಲಿ ಇರಲಿ. ಕರೆದರೂ ಕಾರು ಸಿಗದಿದ್ದರೆ ದುರ್ಗದಲ್ಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ ‘ಕೀಮೋ ನಡೀತಿದೆ’ ಎಂಬುದನ್ನೇ ಮೊದಲ ಮಾತಾಗಿ ಹೇಳಿ.

ಪ್ರತಿ ಕೀಮೋಗೆ ಮುಂಚೆ ರಕ್ತ ಪರೀಕ್ಷೆ ಇರುತ್ತದೆ. ಡಾಕ್ಟರನ್ನು ಕೇಳಿಕೊಂಡು, ಅದನ್ನು ಹಿಂದಿನ ದಿನವೇ ದುರ್ಗದ ಲ್ಯಾಬಿನಲ್ಲಿ ಮಾಡಿಸಿ ವಾಟ್ಸಾಪ್‌ನಲ್ಲಿ ಕಳಿಸು. ಕೌಂಟ್, ಅಂದರೆ ರಕ್ತ ಕಣಗಳ ಲೆಕ್ಕ, ಇಳಿದಿದ್ದರೆ ಕೀಮೋ ಮುಂದೆ ಹಾಕುತ್ತಾರೆ. ಅಷ್ಟು ದೂರ ಕರೆದೊಯ್ದು ‘ಇವತ್ತಾಗಲ್ಲ, ಮುಂದಿನ ವಾರ ಬನ್ನಿ’ ಎನಿಸಿಕೊಂಡು ವಾಪಸ್ಸಾಗುವ ಅಮ್ಮಂದಿರ ಮುಖ ನೋಡಲಾಗುತ್ತಿರಲಿಲ್ಲ. ಕೌಂಟ್ ಏರಿಸುವ ಇಂಜೆಕ್ಷನ್ ಬರೆದರೆ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ತಂದು ಫ್ರಿಜ್ಜಿನಲ್ಲಿಡು, ಫ್ರೀಜರಿನಲ್ಲಿ ಬೇಡ. ಮನೆ ಹತ್ತಿರದ ನರ್ಸ್ ಒಬ್ಬರು ಬಂದು ಕೊಡಬಹುದು, ಅದಕ್ಕೆಂದೇ ಮತ್ತೆ ದಾವಣಗೆರೆಗೆ ಹೋಗಬೇಕಿಲ್ಲ.

ಕೆಂಪು ಔಷಧಿ ಹೋದ ದಿನ ಮೂತ್ರ ಕೆಂಪಗಾಗುತ್ತದೆ. ಮೊದಲೇ ಹೇಳಿರದಿದ್ದರೆ ಅಮ್ಮ ರಕ್ತ ಹೋಯಿತೆಂದು ಒಬ್ಬಳೇ ಹೆದರಿಕೊಂಡು ಕೂರುತ್ತಾಳೆ. ಕೂದಲೂ ಎರಡು ಮೂರು ವಾರದಲ್ಲಿ ಉದುರತೊಡಗುತ್ತದೆ. ಉದ್ದ ಜಡೆಯಿದ್ದರೆ, ಅವಳು ಒಪ್ಪಿದರೆ, ಮೊದಲೇ ಗಿಡ್ಡ ಮಾಡಿಸು. ದಿಂಬಿನ ಮೇಲೆ ಹಿಡಿ ಹಿಡಿ ಕೂದಲು ನೋಡಿ ಅಳುವುದಾದರೂ ತಪ್ಪುತ್ತದೆ.

ಆಪರೇಷನ್ ಆದ ಕಡೆಯ ಕೈ ಮೇಲೂ ಕಣ್ಣಿಡು. ಆ ಕೈಗೆ ಬಿ.ಪಿ. ನೋಡಬಾರದು, ಸೂಜಿ ಚುಚ್ಚಬಾರದು, ಬಿಗಿ ಬಳೆ ಬೇಡ. ನಮ್ಮ ಕಡೆ ನಲ್ಲಿ ನೀರು ಬಂತೆಂದರೆ ಹೆಣ್ಣುಮಕ್ಕಳು ಎಲ್ಲ ಮರೆತು ಕೊಡ ಎತ್ತುತ್ತಾರೆ. ನೀರು ಬಿಡುವ ದಿನ ಯಾವುದು ಕೇಳಿಟ್ಟುಕೊ, ಅವತ್ತು ಡ್ರಮ್ಮು ತುಂಬಲು ಅಪ್ಪ ಅಂಗಡಿಗೆ ತಡವಾಗಿ ಹೋಗಲಿ. ಅಪ್ಪನಿಗೆ ಇಂಥ ಖಚಿತ ಕೆಲಸಗಳನ್ನೇ ಹಚ್ಚು. ಫೈಲು ಅವರ ವಶ, ರಾತ್ರಿ ಥರ್ಮಾಮೀಟರ್ ಇಡುವುದು ಅವರ ಕೆಲಸ. ಅಂಗಡಿಯಲ್ಲೇ ಬದುಕಿದ ಗಂಡಸರು ಇಂಥ ಹೊತ್ತಲ್ಲಿ ಏನು ಮಾಡಬೇಕೆಂದು ತಿಳಿಯದೆ ಅಂಗಡಿಗೇ ಹೋಗಿ ಕೂತುಬಿಡುತ್ತಾರೆ. ಅದನ್ನು ಪ್ರೀತಿಯಿಲ್ಲ ಎಂದು ಓದಬೇಡ.

ಈಗ ಅಮ್ಮನ ಮಾತಿಗೆ ಬರೋಣ. ನಿನ್ನ ಬಾಣಂತನಕ್ಕೆ ನೀನು ತಿಂಗಳುಗಟ್ಟಲೆ ತವರಿನಲ್ಲಿದ್ದಿರಬೇಕಲ್ಲ? ಆಗ ‘ಸಂಸಾರ ಬಿಟ್ಟು ಬಂದಳು’ ಎಂದು ಯಾರಾದರೂ ಅಂದರೇ? ಕೂಸಿಗೆ ನೀರು ಹಾಕಿ, ನಿನ್ನ ತಲೆಗೆ ಎಣ್ಣೆ ತಿಕ್ಕಿ, ಕಾರ ಕಲಸಿ ಕೊಟ್ಟ ಅದೇ ಅಮ್ಮನಿಗೆ ಈಗ ಆರೈಕೆ ಬೇಕು. ಅಂದು ಊರು ಒಪ್ಪಿದ್ದನ್ನು ಇಂದೂ ಒಪ್ಪಲಿ. ಇದನ್ನು ಅಮ್ಮನಿಗೆ ಹೀಗೇ ಹೇಳು. ಜನರ ಮಾತು ಅವಳ ಬಾಯಲ್ಲಿ ಬಂದ ನೆಪ ಎಂದೇ ನನ್ನ ಅನಿಸಿಕೆ. ಬೋಳಾದ ತಲೆ, ಆಪರೇಷನ್ ಆದ ಮೈ ಮಗಳ ಕಣ್ಣಿಗೆ ಬೀಳುತ್ತದಲ್ಲ ಎಂಬ ಸಂಕೋಚ ಒಳಗಿರುತ್ತದೆ. ಸ್ನಾನಕ್ಕೆ ನೀನಾಗಿ ನುಗ್ಗಬೇಡ, ‘ಬೆನ್ನು ತಿಕ್ಕಲಾ ಅಮ್ಮಾ?’ ಎಂದು ಕೇಳು. ಬೇಡ ಎಂದರೆ ಬಾಗಿಲ ಹೊರಗೆ ಕೂತಿರು. ಮನೆ ಅವಳದು ಎಂಬುದು ನೆನಪಿರಲಿ. ಡಬ್ಬಿಗಳ ಜಾಗ ಬದಲಿಸಬೇಡ, ಸಾರಿಗೆ ಎಷ್ಟು ಖಾರ ಎಂದು ಅವಳನ್ನೇ ಕೇಳು, ಏಳಲಾಗದ ದಿನವೂ ಏನು ಅಡುಗೆ ಎಂದು ಅವಳೇ ಹೇಳಲಿ.

ಬಾಯಿ ಹುಣ್ಣಾದಾಗ ರೊಟ್ಟಿ ಚುಚ್ಚುತ್ತದೆ. ಮೆತ್ತಗೆ ಮಾಡಿದ ಮುದ್ದೆ, ಹೆಸರುಬೇಳೆ ತೊವ್ವೆ, ರಾಗಿ ಅಂಬಲಿ ಇಳಿಯುತ್ತವೆ. ಸ್ಟೀಲ್ ಚಮಚ ಬಾಯಿಗೆ ಕಬ್ಬಿಣದ ರುಚಿ ಎನಿಸಿದರೆ ಪ್ಲಾಸ್ಟಿಕ್ಕಿನದು ಕೊಡು. ಹೊರಗೆ ಕತ್ತರಿಸಿಟ್ಟ ಹಣ್ಣು, ಹಸಿ ಕೋಸಂಬರಿ ಅಪಾಯದ ವಾರದಲ್ಲಿ ಬೇಡವೇ ಬೇಡ. ನೋಡಲು ಬಂದವರು ಸಕ್ಕರೆ ಬಿಡಿಸಿ, ಹಾಲು ಬಿಡಿಸಿ ಎನ್ನುತ್ತಾರೆ, ಯಾವುದೋ ಚಕ್ಕೆಯ ಕಷಾಯ ತಂದು ಕೊಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ತರುತ್ತಾರೆ. ಡಾಕ್ಟರಿಗೆ ತೋರಿಸದೆ ಯಾವುದನ್ನೂ ಕುಡಿಸಬೇಡ, ಕೀಮೋ ಜೊತೆ ಕೆಲವು ಸೇರಿ ಲಿವರ್ ಕೆಡುತ್ತದೆ.

ಬೆಂಗಳೂರಿಗೆ ಕರೆತರುವ ಯೋಚನೆ ನನಗೆ ಸರಿ ಕಾಣುತ್ತಿಲ್ಲ. ಅಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ನಮ್ಮ ಜಿಲ್ಲೆಗಳಿಂದ ಎಷ್ಟೋ ಜನ ಅಲ್ಲಿಗೆ ಹೋಗಿ ಬಂದಿದ್ದಾರೆ. ಅನುಮಾನವಿದ್ದರೆ ಆಪರೇಷನ್ ಸಾರಾಂಶ, ಬಯಾಪ್ಸಿ ರಿಪೋರ್ಟು, ಗಂಟಿನ ತುಣುಕು ಇಟ್ಟ ಸ್ಲೈಡು, ಬ್ಲಾಕುಗಳನ್ನು ತೆಗೆದುಕೊಂಡು ಹೋಗಿ ಬೇಗನೆ ಒಂದು ಅಭಿಪ್ರಾಯ ಕೇಳು. ಆದರೆ ಆಪರೇಷನ್ ಮಾಡಿದ ತಂಡವೇ ಮುಂದಿನದನ್ನೂ ನೋಡುತ್ತಿರುವಾಗ, ಪರಿಚಯವಿಲ್ಲದ ಅಪಾರ್ಟ್‌ಮೆಂಟಿನಲ್ಲಿ ನೀನು ಆಫೀಸಿನಿಂದ ಬರುವುದನ್ನು ಕಾಯುತ್ತ ಅಮ್ಮ ಯಾಕೆ ಕೂರಬೇಕು? ದುರ್ಗದಲ್ಲಾದರೆ ಸಂಜೆ ಪಕ್ಕದ ಮನೆಯವರು ಬಂದು ಕಟ್ಟೆ ಮೇಲೆ ಕೂರುತ್ತಾರೆ.

ಮಗನನ್ನು ಶಾಲೆ ಬಿಡಿಸಿ ಕರೆದೊಯ್ಯಬೇಡ, ಬೆಂಗಳೂರಿನಲ್ಲಿ ಅವನ ಅಪ್ಪನ ಹತ್ತಿರವೇ ಇರಲಿ. ಕ್ಯಾನ್ಸರ್ ಅಂಟುತ್ತದೆಂದಲ್ಲ, ಅದು ಅಂಟುವುದೇ ಇಲ್ಲ. ಶಾಲೆಯಿಂದ ಮಕ್ಕಳು ತರುವ ನೆಗಡಿ, ಕೆಮ್ಮು ಅಜ್ಜಿಗೆ ಆಗದು. ಮೂರನೇ ವಾರದ ಶನಿವಾರ ಭಾನುವಾರ, ಶೀತ ಇಲ್ಲದಿದ್ದರೆ, ಕರೆದುಕೊಂಡು ಬಾ. ಅಜ್ಜಿಯ ಪಕ್ಕದಲ್ಲೇ ಮಲಗಲಿ.

ಅಣ್ಣನ ದುಡ್ಡು ಬೇಡವೆನ್ನಬೇಡ, ಆದರೆ ಬರೀ ದುಡ್ಡಿಗೆ ಬಿಡಬೇಡ. ಹುಬ್ಬಳ್ಳಿಯಿಂದ ದಾವಣಗೆರೆಗೆ ನೇರ ರೈಲಿದೆ. ಎಂಟರಲ್ಲಿ ಎರಡು ಕೀಮೋ ದಿನ ಅವನು ಬಂದು ವಾರ್ಡಿನಲ್ಲಿ ಅಮ್ಮನ ಪಕ್ಕ ಕೂರಲಿ, ಯಾವ ತಾರೀಕು ಎಂದು ಈಗಲೇ ತಿಳಿಸಿಬಿಡು. ದುಡ್ಡು ಬೇಕಾಗುವುದು ರೇಡಿಯೇಷನ್ನಿಗೆ. ಅದು ವಾರಕ್ಕೆ ಐದು ದಿನ, ಮೂರರಿಂದ ಐದು ವಾರ. ಮೆಷಿನ್ ಕೆಳಗೆ ಇರುವುದು ಕೆಲವೇ ನಿಮಿಷ, ಆದರೆ ದಿನಾ ದುರ್ಗದಿಂದ ಹೋಗಿ ಬಂದರೆ ಎರಡನೇ ವಾರಕ್ಕೆ ಸುಸ್ತಾಗಿಬಿಡುತ್ತಾರೆ. ಆ ವಾರಗಳಿಗೆ ಆಸ್ಪತ್ರೆಗೆ ಹತ್ತಿರ ಒಂದು ರೂಮು ಹಿಡಿಯಿರಿ, ಬಾಡಿಗೆ ಅಣ್ಣ ಕೊಡಲಿ. ಅಡುಗೆ ಮಾಡಿಕೊಳ್ಳಲು ಬಿಡುವ, ಮೆಟ್ಟಿಲು ಹತ್ತಬೇಕಿಲ್ಲದ ರೂಮು ನೋಡಿ. ಮೈಮೇಲೆ ಹಾಕಿದ ಗುರುತನ್ನು ಸ್ನಾನದಲ್ಲಿ ತಿಕ್ಕಿ ಅಳಿಸಬಾರದು.

ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಸಹಾಯಕ್ಕೆಂದೇ ಇರುವ ಆರೋಗ್ಯ ಮಿತ್ರ ಇದ್ದರೆ ಅವರನ್ನು ನಾಳೆಯೇ ಕಾಣು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ರೆಫರಲ್ ಪತ್ರದ ವಿಷಯ ಚಿಕಿತ್ಸೆ ಶುರುವಾಗುವ ಮುಂಚೆಯೇ ಕೇಳಿಕೊ, ಬಿಲ್ಲು ಕಟ್ಟಿದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ಇನ್ನು ನಿನ್ನ ಕೆಲಸ. ರಾಜೀನಾಮೆ ಬರೆಯಬೇಡ. ಅಕೌಂಟ್ಸ್ ಕೆಲಸ ಲ್ಯಾಪ್‌ಟಾಪಿನಲ್ಲಿ ಎಷ್ಟೋ ಆಗುತ್ತದೆ. ಡಾಕ್ಟರ ಪತ್ರ ಲಗತ್ತಿಸಿ, ಕೀಮೋ ದಿನಾಂಕಗಳ ಪಟ್ಟಿಯನ್ನೇ ಮ್ಯಾನೇಜರ ಮುಂದಿಡು. ಕೀಮೋ ದಿನ ಮತ್ತು ಮರುದಿನ ಪೂರ್ತಿ ರಜೆ, ಉಳಿದ ದಿನ ದುರ್ಗದ ಮನೆಯಿಂದ ಕೆಲಸ, ಮೂರನೇ ವಾರ ಆಫೀಸಿಗೆ ಎಂದು ಬರೆದು ಕೇಳು. ‘ಕೆಲವು ತಿಂಗಳು ಬೇಕು’ ಎಂದವರಿಗೆ ಇಲ್ಲ ಎನ್ನುವುದು ಸುಲಭ, ತಾರೀಕು ಹಿಡಿದು ಕೇಳಿದವರಿಗೆ ಅಷ್ಟು ಸುಲಭವಲ್ಲ. ಅದಕ್ಕೂ ಒಪ್ಪದಿದ್ದರೆ ಸಂಬಳವಿಲ್ಲದ ರಜೆ ಕೇಳು, ಅದನ್ನು ರೇಡಿಯೇಷನ್ ವಾರಗಳಿಗೆ ಉಳಿಸಿಟ್ಟುಕೊ.