ಓದುಗರ ಪ್ರಶ್ನೆ, ನಮ್ಮ ಉತ್ತರ: ಮೈಸೂರು ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್, ಮಳೆಗಾಲದ ವಾರ್ನಿಶ್

(ವಿಮಾನಗಳ ಪ್ರಮಾಣಬದ್ಧ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸಿ ಬಣ್ಣ ಹಚ್ಚುವ ಹವ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.)

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ಮೈಸೂರಿನ ಹೆಸರು ಹೊತ್ತ ಸ್ಕ್ವಾಡ್ರನ್ ಒಂದಿತ್ತೆಂದು ಕೇಳಿದ್ದೇನೆ. ಅದರ ಸ್ಪಿಟ್‌ಫೈರ್ ವಿಮಾನವನ್ನು 1/72 ಅಳತೆಯಲ್ಲಿ ಮಾಡುವ ಆಸೆಯಿದೆ. ಯಾವ ಕಿಟ್ ಕೊಳ್ಳಬೇಕು, ಯಾವ ಬಣ್ಣ ಹಚ್ಚಬೇಕು? ವಿಮಾನದ ಪಕ್ಕದಲ್ಲಿ ಗಂಡಭೇರುಂಡವನ್ನು ಬರೆಯಬಹುದೇ?
— ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ನೀವು ಕೇಳಿರುವುದು ನಿಜ. 1941ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ರಚನೆಯಾದ 129ನೇ ಸ್ಕ್ವಾಡ್ರನ್ನಿಗೆ, ಮೈಸೂರು ಸಂಸ್ಥಾನದ ಕೊಡುಗೆಯ ಗೌರವಾರ್ಥವಾಗಿ ಮೈಸೂರಿನ ಹೆಸರನ್ನು ಇಡಲಾಯಿತು. ಅದರ ಲಾಂಛನದಲ್ಲಿದ್ದುದು ನಮ್ಮ ಗಂಡಭೇರುಂಡವೇ. ಆದರೆ ‘ಮೈಸೂರು ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್’ ಎಂದಷ್ಟೇ ನಿಶ್ಚಯಿಸಿಕೊಂಡು ಕಿಟ್ ಕೊಳ್ಳಲು ಹೊರಡಬೇಡಿ. ಅದು ಮೊದಲು ಹಾರಿಸಿದ್ದು ಮಾರ್ಕ್ 1 (‘ಮಾರ್ಕ್’ ಎಂದರೆ ವಿಮಾನದ ಆವೃತ್ತಿ). ಅದೇ ವರ್ಷದ ಆಗಸ್ಟ್ ಹೊತ್ತಿಗೆ ಮಾರ್ಕ್ 5 ಬಂದಿತು, 1943ರಲ್ಲಿ ಮಾರ್ಕ್ 9 ಬಂದಿತು, 1944ರಲ್ಲಂತೂ ಸ್ಪಿಟ್‌ಫೈರನ್ನೇ ಬಿಟ್ಟು ಅಮೆರಿಕದ ಮಸ್ಟಾಂಗ್ ವಿಮಾನಗಳನ್ನು ಕೊಡಲಾಯಿತು. ಮಾರ್ಕ್ 5ರ ಎಡ ರೆಕ್ಕೆಯಡಿಯಲ್ಲಿ ಸಣ್ಣ ಆಯಿಲ್ ಕೂಲರ್, ಬಲ ರೆಕ್ಕೆಯಡಿಯಲ್ಲಿ ದೊಡ್ಡ ರೇಡಿಯೇಟರ್ ಇರುತ್ತವೆ ಮತ್ತು ಪ್ರೊಪೆಲ್ಲರಿಗೆ ಮೂರು ಅಲಗುಗಳಿರುತ್ತವೆ. ಮಾರ್ಕ್ 9ರ ಮೂತಿ ಉದ್ದ, ಅಲಗು ನಾಲ್ಕು, ರೆಕ್ಕೆಯಡಿಯ ರೇಡಿಯೇಟರುಗಳು ಎರಡೂ ಕಡೆ ಸಮ. ಒಂದರ ಕಿಟ್ಟನ್ನು ಇನ್ನೊಂದಾಗಿ ತಿದ್ದುವುದು ಹೊಸಬರ ಕೆಲಸವಲ್ಲ. ಆದ್ದರಿಂದ ಮೊದಲು ನಿಮಗೆ ಬೇಕಾದ ತಿಂಗಳನ್ನು, ಸಾಧ್ಯವಾದರೆ ಒಂದು ನಿರ್ದಿಷ್ಟ ವಿಮಾನದ ಛಾಯಾಚಿತ್ರವನ್ನು ಆರಿಸಿಕೊಳ್ಳಿ. ಕಿಟ್, ಬಣ್ಣ, ಡಿಕಾಲ್ (ಮಾದರಿಯ ಮೇಲೆ ಅಂಟಿಸುವ ಗುರುತುಗಳ ತೆಳು ಚಿತ್ರ) ಮೂರನ್ನೂ ಅದೇ ನಿರ್ಧರಿಸುತ್ತದೆ.

ಬಣ್ಣದ ಮಟ್ಟಿಗೆ ಈ ಸ್ಕ್ವಾಡ್ರನ್ ಹುಟ್ಟಿದ ಗಳಿಗೆ ಬಹಳ ಸ್ವಾರಸ್ಯದ್ದು. ಅಲ್ಲಿಯವರೆಗೆ ಬ್ರಿಟಿಷ್ ಫೈಟರ್ ವಿಮಾನಗಳ ಮೇಲ್ಭಾಗಕ್ಕೆ ಕಡುಹಸಿರು ಮತ್ತು ಮಣ್ಣುಗಂದು, ತಳಕ್ಕೆ ‘ಸ್ಕೈ’ ಎಂಬ ತಿಳಿ ಹಸಿರು ಛಾಯೆಯ ಬಣ್ಣವಿತ್ತು. ಕಾದಾಟ ಹೆಚ್ಚೆಚ್ಚಾಗಿ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಮತ್ತು ಎತ್ತರದಲ್ಲಿ ನಡೆಯತೊಡಗಿದ್ದರಿಂದ, 1941ರ ಆಗಸ್ಟ್‌ನಲ್ಲಿ ಮಣ್ಣುಗಂದಿನ ಜಾಗಕ್ಕೆ ‘ಓಷನ್ ಗ್ರೇ’ ಎಂಬ ಬೂದುಬಣ್ಣವನ್ನೂ ತಳಕ್ಕೆ ‘ಮೀಡಿಯಂ ಸೀ ಗ್ರೇ’ ಎಂಬ ಇನ್ನೂ ತಿಳಿಯಾದ ಬೂದುಬಣ್ಣವನ್ನೂ ತಂದರು. ರೆಕ್ಕೆಯ ಮುಂಗಡೆಯ ಅಂಚಿಗೆ ಹಳದಿ ಪಟ್ಟಿ ಬಂದಿತು. ಬಾಲಕ್ಕೆ ತುಸು ಮುಂದೆ ಒಡಲನ್ನು ಸುತ್ತುವ ಸ್ಕೈ ಬಣ್ಣದ ಪಟ್ಟಿ ಮಾತ್ರ ಹಾಗೆಯೇ ಉಳಿಯಿತು. ಹಾಗಾಗಿ ಜೂನ್ ತಿಂಗಳ ಮಾರ್ಕ್ 1ಕ್ಕೂ ವರ್ಷಾಂತ್ಯದ ಮಾರ್ಕ್ 5ಕ್ಕೂ ಒಂದೇ ಡಬ್ಬಿಯ ಬಣ್ಣ ಹೊಂದುವುದಿಲ್ಲ. 1942ರ ನಡುವಿನಲ್ಲಿ ರೌಂಡೆಲ್ (ವಿಮಾನದ ಮೇಲಿನ ದುಂಡಗಿನ ರಾಷ್ಟ್ರೀಯ ಗುರುತು) ಕೂಡ ಬದಲಾಗಿ, ಒಡಲಿನ ಮೇಲಿನ ಗುರುತಿನಲ್ಲಿ ಅಗಲವಾಗಿದ್ದ ಬಿಳಿ ಮತ್ತು ಹಳದಿ ಬಳೆಗಳು ತೆಳುವಾದವು. ಆ ವರ್ಷದ ಆಗಸ್ಟ್ 19ರಂದು ಫ್ರಾನ್ಸಿನ ಡೀಯೆಪ್ ಬಂದರಿನ ಮೇಲೆ ನಡೆದ ದಾಳಿಯ ದಿನದ ವಿಮಾನವನ್ನು ಮಾಡುವುದಾದರೆ ಕಿಟ್ಟಿನ ಡಿಕಾಲ್ ಹಾಳೆಯಲ್ಲಿ ಇದನ್ನು ಮರೆಯದೆ ನೋಡಿಕೊಳ್ಳಿ.

ಎಲ್ಲಿಂದ ಆರಂಭಿಸಲಿ ಎಂದರೆ, 1941ರ ಕೊನೆಯ ಮಾರ್ಕ್ 5ಬಿ (ಮಾರ್ಕ್ 5ರದೇ ಒಂದು ಬಗೆ) ಎನ್ನುತ್ತೇನೆ. ಅದರ ಕಿಟ್‌ಗಳು ಹಲವು ತಯಾರಕರಿಂದ ಬಂದಿವೆ, ಬಣ್ಣಗಳ ಹೊಂದಾಣಿಕೆಯೂ ಚೆನ್ನು. ಗಂಡಭೇರುಂಡದ ವಿಷಯದಲ್ಲಿ ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವುದು ನನಗೂ ಇಷ್ಟವಿಲ್ಲ. ಆದರೂ ಸ್ಕ್ವಾಡ್ರನ್ನಿನ ಲಾಂಛನ ಬೇರೆ, ವಿಮಾನದ ಮೇಲೆ ಬರೆಯುವ ಗುರುತು ಬೇರೆ. ನೀವು ಆರಿಸಿದ ವಿಮಾನದ ಛಾಯಾಚಿತ್ರದಲ್ಲಿ ಕಾಣಿಸದಿದ್ದರೆ ಒಡಲಿನ ಮೇಲೆ ಬರೆಯಬೇಡಿ. ಮಾದರಿಯನ್ನು ನಿಲ್ಲಿಸುವ ಮರದ ಹಲಗೆಯ ಮೇಲೆ ಎಷ್ಟು ದೊಡ್ಡದಾಗಿ ಬರೆದರೂ ಯಾರೂ ಆಕ್ಷೇಪಿಸಲಾರರು.

ಪ್ರಶ್ನೆ: ನನ್ನಲ್ಲಿ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲ, ಕೊಳ್ಳುವಷ್ಟು ಹಣವೂ ಸದ್ಯಕ್ಕಿಲ್ಲ. ಕುಂಚದಿಂದ ಹಚ್ಚಿದ ಮಾದರಿ ಎಂದಿಗೂ ಆಟಿಕೆಯಂತೆಯೇ ಕಾಣುತ್ತದೆಯೇ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಇಲ್ಲ. ಆಟಿಕೆಯಂತೆ ಕಾಣಿಸುವುದು ದಪ್ಪ ಬಣ್ಣದಿಂದ, ಕುಂಚದಿಂದಲ್ಲ. ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಅಗಲವಾದ ಮೆತ್ತನೆಯ ಕುಂಚದಿಂದ ಮೂರು ನಾಲ್ಕು ಸಲ ಹಚ್ಚಿ. ಮೊದಲ ಸಲ ಪ್ಲಾಸ್ಟಿಕ್ ಕಂಡರೂ ಕಳವಳಪಡಬೇಡಿ. ಒಂದು ಪದರ ಚೆನ್ನಾಗಿ ಒಣಗುವ ಮೊದಲು ಇನ್ನೊಂದನ್ನು ಹಚ್ಚಿದರೆ ಕೆಳಗಿನದು ಎದ್ದು ಬರುತ್ತದೆ. ಹಳದಿ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆಯಾದ್ದರಿಂದ ಅದರಡಿಗೆ ಬಿಳಿ ಹಚ್ಚುವುದು ಅವಶ್ಯ.

ಕ್ಯಾಮೊಫ್ಲಾಜ್ (ಮರೆಮಾಚುವ) ಬಣ್ಣಗಳ ನಡುವಿನ ಅಂಚು ಸಿಂಪಡಿಸಿದಂತೆ ಮಸುಕಾಗಿರಬೇಕಲ್ಲವೇ ಎಂದು ಅನೇಕರು ವಾದಿಸುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ನಿಜವಾದ ವಿಮಾನದಲ್ಲಿ ಆ ಮಸುಕು 2 ಅಥವಾ 3 ಸೆಂಟಿಮೀಟರ್ ಇದ್ದರೂ 1/72 ಅಳತೆಯಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಒಂದು ಅಡಿ ದೂರದಿಂದ ನೋಡುವವರಿಗೆ ಅದು ಗೆರೆ ಎಳೆದಂತೆಯೇ ಕಾಣುತ್ತದೆ. ಕುಂಚ ಕೊಡುವುದೂ ಅದನ್ನೇ. ಇದೇ ಲೆಕ್ಕದಿಂದ, ತಗಡುಗಳ ಸಂಧಿಗೆರೆಗಳಲ್ಲಿ ಕಪ್ಪು ಬಣ್ಣ ತುಂಬಿ ವಿಮಾನವನ್ನು ಚೌಕುಳಿ ಬಟ್ಟೆಯಾಗಿಸುವ ಈಗಿನ ಚಾಳಿ ನನಗೆ ಒಪ್ಪಿಗೆಯಿಲ್ಲ. ಕೆಲವೇ ಮಿಲಿಮೀಟರ್ ಅಗಲದ ಸಂಧಿ ಈ ಅಳತೆಯಲ್ಲಿ ಕೂದಲೆಳೆಯಷ್ಟೂ ಇರುವುದಿಲ್ಲ. ಗೆರೆ ಕಾಣಲೇಬೇಕೆಂದಿದ್ದರೆ ಕಪ್ಪಿನ ಬದಲು ಮೈಬಣ್ಣಕ್ಕಿಂತ ತುಸು ಗಾಢವಾದ ಬೂದು ಬಳಸಿ.

ಪ್ರಶ್ನೆ: ಕೊನೆಯಲ್ಲಿ ಸ್ಪ್ರೇ ಡಬ್ಬಿಯಿಂದ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆದ ಮೇಲೆ ಇಡೀ ವಿಮಾನ ಬೆಳ್ಳಗೆ ಮಂಜು ಕವಿದಂತಾಗಿದೆ. ಡಿಕಾಲ್‌ಗಳ ಸುತ್ತಲೂ ಬೆಳ್ಳಿಯಂತೆ ಹೊಳೆಯುತ್ತಿದೆ. ಸರಿಪಡಿಸಬಹುದೇ?
— ಗೃಹಿಣಿ, ಮಂಗಳೂರು

ಉತ್ತರ: ಎರಡೂ ದೋಷಗಳ ಕಾರಣ ಬೇರೆ ಬೇರೆ. ವಾರ್ನಿಶ್‌ನಲ್ಲಿರುವ ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ; ಆಷಾಢದ ಕರಾವಳಿಯ ಗಾಳಿಯಲ್ಲಿರುವ ತೇವ ಆ ತಣ್ಣನೆಯ ಪದರದ ಮೇಲೆ ಸಾಂದ್ರಗೊಂಡು ಒಳಗೇ ಸಿಕ್ಕಿಕೊಳ್ಳುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ದಿನ, ಅದೇ ಮಾದರಿಯ ಮೇಲೆ ತೆಳುವಾಗಿ ಗ್ಲಾಸ್ (ಹೊಳಪಿನ) ವಾರ್ನಿಶ್ ಕೊಟ್ಟರೆ ಬಹುಮಟ್ಟಿಗೆ ಮಂಜು ಕರಗುತ್ತದೆ. ಅದು ಪೂರ್ಣ ಒಣಗಿದ ಮೇಲೆ ಮತ್ತೆ ಮ್ಯಾಟ್ ಕೊಡಿ. ಮಳೆ ಸುರಿಯುತ್ತಿರುವಾಗ ಸ್ಪ್ರೇ ಡಬ್ಬಿಯನ್ನು ಮುಟ್ಟದೆ, ಕಾಕ್‌ಪಿಟ್, ಚಕ್ರ, ಪ್ರೊಪೆಲ್ಲರ್‌ಗಳಂಥ ಕುಂಚದ ಕೆಲಸವನ್ನು ಮುಗಿಸಿಕೊಳ್ಳುವುದು ಜಾಣತನ. ಏರ್‌ಬ್ರಷ್‌ಗೆ ಗಾಳಿ ಒದಗಿಸುವ ಕಂಪ್ರೆಸರ್ ಇರುವವರು ಗಾಳಿಯ ಕೊಳವೆಗೆ ನೀರು ಹಿಡಿಯುವ ಸಾಧನವನ್ನು ಕಡ್ಡಾಯವಾಗಿ ಜೋಡಿಸಿಕೊಳ್ಳಬೇಕು.

ಡಿಕಾಲ್‌ಗಳ ಹೊಳಪು ಅವುಗಳಡಿಯಲ್ಲಿ ಸಿಕ್ಕಿದ ಗಾಳಿಯದು. ಮ್ಯಾಟ್ ಬಣ್ಣದ ಮೇಲ್ಮೈ ಒರಟು. ಆ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಆದ್ದರಿಂದಲೇ ಡಿಕಾಲ್ ಹಚ್ಚುವ ಮೊದಲು ಗ್ಲಾಸ್, ಹಚ್ಚಿದ ನಂತರ ಮ್ಯಾಟ್ ಎಂಬ ಕ್ರಮವಿದೆ. ಈಗ ವಾರ್ನಿಶ್ ಮೇಲೆ ಕುಳಿತಿರುವುದರಿಂದ ದುರಸ್ತಿ ಕಷ್ಟ. ಆದರೂ ಹೊಳೆಯುವ ಕಡೆ ಸಣ್ಣ ಸೂಜಿಯಿಂದ ಚುಚ್ಚಿ, ಡಿಕಾಲನ್ನು ಮೆತ್ತಗಾಗಿಸುವ ದ್ರವವನ್ನು ಕುಂಚದ ತುದಿಯಿಂದ ಬಿಟ್ಟು ನೋಡಿ. ದ್ರವ ಹಾಕಿದಾಗ ಡಿಕಾಲ್ ಸುಕ್ಕಾದರೆ ಕೈ ಹಚ್ಚಬೇಡಿ, ಒಣಗುತ್ತಾ ತಾನೇ ಸಮನಾಗುತ್ತದೆ.

ಪ್ರಶ್ನೆ: ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವನ್ನು ಫೆವಿಕ್ವಿಕ್‌ನಿಂದ ಅಂಟಿಸಿದೆ. ಮರುದಿನ ಒಳಗೆಲ್ಲಾ ಬಿಳಿ ಹೊಗೆ ಕಟ್ಟಿತ್ತು. ಬೇರೆ ಯಾವ ಅಂಟು ಬಳಸಬೇಕಿತ್ತು?
— ಬ್ಯಾಂಕ್ ನೌಕರರು, ಶಿವಮೊಗ್ಗ

ಉತ್ತರ: ಆ ಜಾತಿಯ ಅಂಟು ಒಣಗುವಾಗ ಹೊರಡುವ ಆವಿ ಸುತ್ತಲಿನ ಮೇಲ್ಮೈಯಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ಆವಿಗೆ ಹೊರದಾರಿಯಿಲ್ಲ. ಮುಚ್ಚಳಕ್ಕೆ ಮನೆಯಲ್ಲಿರುವ ಬಿಳಿ ಫೆವಿಕಾಲ್ ಸಾಕು. ಒಣಗಿದ ಮೇಲೆ ಅದು ಹೆಚ್ಚುಕಡಿಮೆ ಪಾರದರ್ಶಕವಾಗುತ್ತದೆ, ಅಂಚಿನಲ್ಲಿ ಉಕ್ಕಿದ್ದನ್ನು ಹಸಿಯಿರುವಾಗಲೇ ಒದ್ದೆ ಕುಂಚದಿಂದ ಒರೆಸಿ ತೆಗೆಯಬಹುದು. ರೆಕ್ಕೆ ಮತ್ತು ಒಡಲಿನ ಜೋಡಣೆಗೆ ಮಾತ್ರ ಪಾಲಿಸ್ಟೈರೀನ್ ಸಿಮೆಂಟ್ ಎಂಬ ಅಂಟನ್ನೇ ಬಳಸಿ. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವುದರಿಂದ, ಕೂಡುವ ಅಂಚುಗಳಲ್ಲಿ ಬಣ್ಣ ಇದ್ದರೆ ಮೊದಲೇ ಕೆರೆದು ತೆಗೆದಿರಬೇಕು, ಕಿಟಕಿ ತೆರೆದಿರಲಿ.

ಹಾಳಾದ ಮುಚ್ಚಳವನ್ನು ಎಸೆಯಬೇಡಿ. ಮೆಲ್ಲಗೆ ಬಿಡಿಸಿಕೊಂಡು ಬಿಳಿ ಪದರವನ್ನು ಟೂತ್‌ಪೇಸ್ಟ್ ಹಾಕಿದ ಹತ್ತಿಬಟ್ಟೆಯಿಂದ ಉಜ್ಜಿ ತೊಳೆದು ಒಣಗಿಸಿ, ಆಮೇಲೆ ಪಾರದರ್ಶಕ ಅಕ್ರಿಲಿಕ್ ಗ್ಲಾಸ್ ವಾರ್ನಿಶ್‌ನಲ್ಲಿ ಅದ್ದಿ, ಕೆಳತುದಿಯಲ್ಲಿ ನಿಂತ ಹನಿಯನ್ನು ಕಾಗದದ ಮೂಲೆಯಿಂದ ಹೀರಿಸಿ, ಧೂಳು ಬೀಳದಂತೆ ಒಂದು ಬಟ್ಟಲನ್ನು ಕವುಚಿಡಿ. ಒಂದು ರಾತ್ರಿ ಕಳೆದ ಮೇಲೆ ತೆಗೆದು ಅಂಟಿಸಬಹುದು.