ಒಂದು ಹಾಪ್ಸ್ ಬಳ್ಳಿಗೆ 15 ವರ್ಷದ ಪರೀಕ್ಷೆ ಯಾಕೆ?

ಪ್ರಶ್ನೆ: ನಾವು ಸಕಲೇಶಪುರದ ಹತ್ತಿರ ಕಾಫಿ, ಕಾಳುಮೆಣಸು ಬೆಳೆಯುವವರು. ಮಗ ಬೆಂಗಳೂರಿನಲ್ಲಿ ಬಿಯರ್ ತಯಾರಿಸುವ ಕೆಲಸದಲ್ಲಿದ್ದಾನೆ. ಅವನು ಬಳಸುವ ಹಾಪ್ಸ್ ತಳಿಗಳ ವಂಶಾವಳಿ ನೋಡಿದರೆ ತುಂಬಾ ಕಡೆ 'ಬ್ರೂವರ್ಸ್ ಗೋಲ್ಡ್' ಎಂಬ ಒಂದೇ ಹೆಸರು ಬರುತ್ತದಂತೆ. ಅದನ್ನು ಮಾಡಿದವರು ಸಾಲ್ಮನ್ ಎಂಬ ಇಂಗ್ಲಿಷ್ ವಿಜ್ಞಾನಿ, ಪರೀಕ್ಷೆ ಮಾಡಿ ಹೊರಗೆ ಬಿಡಲು 15 ವರ್ಷ ತೆಗೆದುಕೊಂಡರು ಎಂದ. ಮೆಣಸಿನ ಬಳ್ಳಿಯನ್ನು ನಾವು ಮೂರ್ನಾಲ್ಕು ವರ್ಷಕ್ಕೇ ಒಳ್ಳೆಯದು, ಕೆಟ್ಟದ್ದು ಅಂತ ತೀರ್ಮಾನ ಮಾಡಿಬಿಡುತ್ತೇವೆ. ಇದಕ್ಕೆ ಅಷ್ಟು ವರ್ಷ ಯಾಕೆ ಬೇಕು? ಅವರ ಕೆಲಸಕ್ಕೆ ಈಗಲೂ ಬೆಲೆ ಇದೆಯೇ?

ಉತ್ತರ: ಮೆಣಸು ಬೆಳೆಯುವವರಿಗೆ ಹಾಪ್ಸ್ ಅರ್ಥ ಮಾಡಿಸುವುದು ಸುಲಭ. ಅದೂ ಬಳ್ಳಿ. ಅದನ್ನೂ ಬೀಜದಿಂದ ಅಲ್ಲ, ಬೇರು ಅಥವಾ ಕಡ್ಡಿಯ ತುಂಡಿನಿಂದ ಬೆಳೆಸುತ್ತಾರೆ. ವ್ಯತ್ಯಾಸ ಎರಡು. ಹಾಪ್ಸ್ ಬಳ್ಳಿ ಪ್ರತಿ ಚಳಿಗಾಲಕ್ಕೆ ನೆಲದ ಮೇಲೆ ಪೂರ್ತಿ ಒಣಗಿ ಹೋಗುತ್ತದೆ, ಬುಡ ಮಾತ್ರ ಉಳಿಯುತ್ತದೆ. ವಸಂತದಲ್ಲಿ ಮತ್ತೆ ಚಿಗುರಿ, ಕೆಲವೇ ತಿಂಗಳಲ್ಲಿ ಐದಾರು ಮೀಟರ್ ದಾರ ಹತ್ತಿಬಿಡುತ್ತದೆ. ಇನ್ನೊಂದು, ಪಪ್ಪಾಯಿಯ ಹಾಗೆ ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬಿಯರ್‌ಗೆ ಬೇಕಾಗುವುದು ಹೆಣ್ಣು ಬಳ್ಳಿಯ ಹೂಗೊಂಚಲು. ಅದರ ಎಸಳುಗಳ ಬುಡದಲ್ಲಿ ಹಳದಿ ಪುಡಿ ಇರುತ್ತದೆ. ಕಹಿ, ಪರಿಮಳ, ಬಿಯರ್ ಬೇಗ ಹುಳಿಯಾಗದಂತೆ ಕಾಯುವ ಗುಣ, ಎಲ್ಲ ಇರುವುದು ಆ ಪುಡಿಯಲ್ಲೇ.

ಅರ್ನೆಸ್ಟ್ ಸ್ಟ್ಯಾನ್ಲಿ ಸಾಲ್ಮನ್ ಹುಟ್ಟಿದ್ದು 1871ರಲ್ಲಿ, ತೀರಿಕೊಂಡದ್ದು 1959ರಲ್ಲಿ. ಮೂಲತಃ ಅವರು ಶಿಲೀಂಧ್ರ ತಜ್ಞರು. ದ್ರಾಕ್ಷಿ ಬೆಳೆಯುವವರು ಬೂದಿ ರೋಗ ಎನ್ನುತ್ತಾರಲ್ಲ, ಆ ಜಾತಿಯ ಶಿಲೀಂಧ್ರಗಳ ಬಗ್ಗೆ 1900ರಲ್ಲೇ ದೊಡ್ಡ ಗ್ರಂಥ ಬರೆದವರು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ವೈ ಎಂಬ ಊರಿನ ಕೃಷಿ ಕಾಲೇಜಿನಲ್ಲಿ 1906ರ ಸುಮಾರಿಗೆ ಹಾಪ್ಸ್ ಕೆಲಸ ಶುರು ಮಾಡಿದರು. ರೋಗದಿಂದ ತಳಿಯ ಕಡೆಗೆ ಬಂದವರು ಎಂಬುದು ಮುಖ್ಯ. ಬಳ್ಳಿಯನ್ನು ನೋಡಿದ ಕೂಡಲೇ ಇಳುವರಿ ಎಷ್ಟು ಅಂತ ಕೇಳುವ ಮನಸ್ಸಲ್ಲ ಅವರದು. ಇದು ಎಲ್ಲಿ ಸೋಲುತ್ತದೆ ಎಂದು ಮೊದಲು ನೋಡುವ ಕಣ್ಣು.

ಆಗಿನ ಇಂಗ್ಲಿಷ್ ಬೆಳೆಗಾರರ ಹತ್ತಿರ ಇದ್ದದ್ದು ಗೋಲ್ಡಿಂಗ್, ಫಗ್ಗಲ್‌ನಂಥ ಹಳೆಯ ತಳಿಗಳು. ಪರಿಮಳ ಸೊಗಸು, ಕಹಿ ಕಡಿಮೆ. ಅಮೆರಿಕದ ಹಾಪ್ಸ್‌ನಲ್ಲಿ ಕಹಿ ಕೊಡುವ ರಾಳ ಜಾಸ್ತಿ, ಆದರೆ ವಾಸನೆ ಒರಟು ಅಂತ ಇಂಗ್ಲಿಷ್ ಬಿಯರ್ ತಯಾರಕರು ಮೂಗು ಮುರಿಯುತ್ತಿದ್ದರು. ಅಲ್ಲಿಯ ರಾಳ, ಇಲ್ಲಿಯ ಪರಿಮಳ ಎರಡನ್ನೂ ಒಂದೇ ಬಳ್ಳಿಗೆ ತರಬೇಕು ಎಂಬುದು ಸಾಲ್ಮನ್ ಅವರ ಆಸೆ.

1916ರಲ್ಲಿ ಕೆನಡಾದ ತೋಟಗಾರಿಕೆ ತಜ್ಞ ಡಬ್ಲ್ಯೂ.ಟಿ. ಮಕೂನ್ ಅವರಿಂದ ಒಂದು ಕಡ್ಡಿ ಬಂತು. ಮ್ಯಾನಿಟೋಬಾದ ಮಾರ್ಡನ್ ಎಂಬಲ್ಲಿ ತನ್ನಷ್ಟಕ್ಕೆ ಬೆಳೆದಿದ್ದ ಕಾಡು ಹಾಪ್ಸ್ ಅದು. ಸಾಲ್ಮನ್ ಅದನ್ನು ನೆಟ್ಟು ಬಿಬಿ1 ಎಂದು ಗುರುತು ಹಾಕಿದರು. 1918ರ ಬೇಸಿಗೆಯಲ್ಲಿ ಸುತ್ತಮುತ್ತಲಿನ ಯಾವುದೋ ಇಂಗ್ಲಿಷ್ ಗಂಡು ಬಳ್ಳಿಯ ಪರಾಗ ಗಾಳಿಯಲ್ಲಿ ತೇಲಿ ಬಂದು ಅದಕ್ಕೆ ಬೀಜ ಕಟ್ಟಿತು. ಆ ಚಳಿಗಾಲದಲ್ಲಿ ತಾಯಿ ಬಳ್ಳಿ ಸತ್ತೇ ಹೋಯಿತು. ಕೈಯಲ್ಲಿ ಉಳಿದದ್ದು ಬೀಜ ಮಾತ್ರ. 1919ರಲ್ಲಿ ಆ ಬೀಜಗಳಿಂದ ಎದ್ದ ಸಸಿಗಳಲ್ಲಿ ಒಂದಕ್ಕೆ ಸಿ9ಎ ಎಂಬ ಗುರುತು. ಅದೇ 1934ರಲ್ಲಿ ಬ್ರೂವರ್ಸ್ ಗೋಲ್ಡ್ ಆಗಿ ಹೊರಬಂತು. ಅದರ ಒಡಹುಟ್ಟು ಬುಲಿಯನ್ ಇನ್ನೂ ತಡ, 1938ರಲ್ಲಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. 15 ವರ್ಷ ಎಲ್ಲಿ ಹೋಯಿತು?

ಬೀಜದಿಂದ ಬಂದ ಸಸಿ ಗಂಡೋ ಹೆಣ್ಣೋ ಅಂತ ಆಗೆಲ್ಲ ಹೂ ಬಿಡುವ ತನಕ ಗೊತ್ತಾಗುತ್ತಿರಲಿಲ್ಲ. ಹೆಣ್ಣಾದರೂ ಬುಡ ಬಲಿತು ಸರಿಯಾದ ಫಸಲು ಕೊಡುವುದು ಮೂರನೇ ವರ್ಷದ ಹೊತ್ತಿಗೆ. ಒಂದು ವರ್ಷ ಮಳೆ ಜಾಸ್ತಿ, ಒಂದು ವರ್ಷ ಬಿಸಿಲು ಜಾಸ್ತಿ. ಹಾಗಾಗಿ ಒಂದೇ ಬಳ್ಳಿಯನ್ನು ಮೂರ್ನಾಲ್ಕು ಹಂಗಾಮು ನೋಡಲೇಬೇಕು. ಆಮೇಲೆ ಅದರ ಕಡ್ಡಿ ತೆಗೆದು ಹತ್ತಾರು ಬುಡ ಮಾಡಬೇಕು. ಒಂದು ಬಳ್ಳಿ ಚೆನ್ನಾಗಿ ಬಂದರೆ ಅದು ತಳಿಯ ಗುಣವೋ, ಗೊಬ್ಬರದ ಗುಂಡಿ ಹತ್ತಿರ ಇದ್ದ ಪುಣ್ಯವೋ, ಹೇಗೆ ಹೇಳುವುದು? ಹತ್ತು ಬುಡ ಬೇರೆ ಬೇರೆ ಜಾಗದಲ್ಲಿ ಒಂದೇ ಥರ ನಡೆದುಕೊಂಡರೆ ಮಾತ್ರ ನಂಬಬಹುದು. ಅದಾದ ಮೇಲೆ ರೈತರ ಹೊಲ. ಅಲ್ಲಿ ಬಂದ ಕೊಯ್ಲನ್ನು ಗೂಡಿನಲ್ಲಿ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸಿ ರಾಳ ಅಳೆಸಬೇಕು. ವ್ಯಾಪಾರಿಯ ಕೈಗೆ ಕೊಟ್ಟು ಅವನ ಅಭಿಪ್ರಾಯ ಕೇಳಬೇಕು. ಕೊನೆಗೆ ನಿಜವಾದ ಬಿಯರ್ ಕಾಯಿಸಿ, ಅದನ್ನು ಇಟ್ಟು ನೋಡಬೇಕು. ವರ್ಷಕ್ಕೆ ಸಿಗುವುದು ಒಂದೇ ಕೊಯ್ಲು. ಎಲ್ಲಿ ಎಡವಿದರೂ ಮುಂದಿನ ಸೆಪ್ಟೆಂಬರ್ ತನಕ ಕಾಯಬೇಕು.

ಸಾಲ್ಮನ್ ಅವರ ದೊಡ್ಡ ಕೊಡುಗೆ ಬ್ರೂವರ್ಸ್ ಗೋಲ್ಡ್ ಅಲ್ಲ, ಈ ದಾರಿ ಅಂತ ನಾನು ನಂಬುತ್ತೇನೆ. ಗಿಡ ನೋಡುವವನು ಒಬ್ಬ, ರಾಳ ಅಳೆಯುವವನು ಇನ್ನೊಬ್ಬ, ಬಿಯರ್ ಕುಡಿದು ಹೇಳುವವನು ಮತ್ತೊಬ್ಬ. ತಳಿ ಮಾಡಿದವನ ಮಾತೇ ಕೊನೆಯ ಮಾತಲ್ಲ. ತಾನು ಬೆಳೆಸಿದ ಸಸಿಯ ಮೇಲೆ ಯಾರಿಗಾದರೂ ಮಮತೆ ಇದ್ದೇ ಇರುತ್ತದೆ. ಮೆಣಸಿನ ತಾಕುಗಳಲ್ಲಿ ಕೆಲಸ ಮಾಡಿದ ನನಗೆ ಅದು ಚೆನ್ನಾಗಿ ಗೊತ್ತು. ಒಂದು ಬಳ್ಳಿಯ ತುಂಬ ಉದ್ದುದ್ದ ಗೊನೆ ನೋಡಿ ಹಿಗ್ಗಿ, ಅದರ ಕಡ್ಡಿಯನ್ನು ಬೇಗ ಬೇಗ ಹಂಚಿಬಿಟ್ಟಿದ್ದೆ. ಎರಡನೇ ಮಳೆಗಾಲಕ್ಕೆ ಸೊರಗು ರೋಗ ಬಂದು ಅರ್ಧಕ್ಕರ್ಧ ಹೋಯಿತು. ತೆಗೆದುಕೊಂಡು ಹೋದವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಗಂಡು ಬಳ್ಳಿಯ ವಿಷಯ ಇನ್ನೂ ಸೂಕ್ಷ್ಮ. ಅದಕ್ಕೆ ಗೊಂಚಲೇ ಇಲ್ಲ, ಏನನ್ನು ಅಳೆಯುವುದು? ಹೋರಿಯ ಗುಣ ತಿಳಿಯಬೇಕಾದರೆ ಅದಕ್ಕೆ ಹುಟ್ಟಿದ ಹಸುವಿನ ಹಾಲು ನೋಡಬೇಕು, ಅಲ್ವಾ? ಇಲ್ಲೂ ಹಾಗೇ. ಗಂಡಿನ ಬೆಲೆ ತಿಳಿಯುವುದು ಅದರ ಹೆಣ್ಣು ಮಕ್ಕಳಿಂದ. ಬ್ರೂವರ್ಸ್ ಗೋಲ್ಡ್ ವಂಶದ ಒಂದು ಗಂಡನ್ನು ಕ್ಯಾಂಟರ್ಬರಿ ಗೋಲ್ಡಿಂಗ್ ಜೊತೆ ಸೇರಿಸಿ 1934ರಲ್ಲಿ ಮಾಡಿದ ತಳಿ ನಾರ್ದರ್ನ್ ಬ್ರೂವರ್. ಅದು ಮುಂದೆ ಜರ್ಮನಿಗೆ ಹೋಗಿ, ಅಲ್ಲಿಯ ಪೆರ್ಲೆ ತಳಿಗೆ ತಾಯಿಯಾಯಿತು. ಅಮೆರಿಕದ ಗಲೀನಾ, ನಗೆಟ್ ಎರಡಕ್ಕೂ ಬ್ರೂವರ್ಸ್ ಗೋಲ್ಡ್ ನೇರ ತಾಯಿ. ಸೆಂಟೆನಿಯಲ್ ತಳಿಯಲ್ಲಿ ಮುಕ್ಕಾಲು ಪಾಲು ಅದೇ ರಕ್ತ. ಜರ್ಮನಿಯ ಮ್ಯಾಗ್ನಮ್ ಗಲೀನಾದ ಮಗಳು. ನಿಮ್ಮ ಮಗ ಹೇಳಿದ್ದು ಸುಮ್ನೆ ಮಾತಲ್ಲ.

ಅವಧಿಯೂ ಹಾಗೇ ಉಳಿದಿದೆ. ಅಮೆರಿಕದ ಕ್ಯಾಸ್ಕೇಡ್ ತಳಿಯ ಬೀಜ 1956ರದ್ದು, ತಳಿ ಬಿಡುಗಡೆಯಾದದ್ದು 1972ರಲ್ಲಿ. ಲೆಕ್ಕ ಹಾಕಿ, 16 ವರ್ಷ. ಈಗ ಎಲೆಯ ಚೂರು ಕೊಟ್ಟರೆ ಗಂಡೋ ಹೆಣ್ಣೋ ಅಂತ ಡಿಎನ್‌ಎ ನೋಡಿ ಹೇಳುತ್ತಾರೆ. ಆ ಒಂದೆರಡು ವರ್ಷ ಉಳಿಯುತ್ತದೆ. ಆದರೆ ನಾಲ್ಕು ಮಳೆಗಾಲವನ್ನು ಒಂದು ಮಾಡಲು ಯಾವ ಯಂತ್ರದಿಂದಲೂ ಆಗುವುದಿಲ್ಲ.

ಪ್ರಶ್ನೆ: ನಾನು ಧಾರವಾಡದಲ್ಲಿ ಕೃಷಿ ಪದವಿ ಓದುತ್ತಿದ್ದೇನೆ. ಹಾಪ್ಸ್ ಪರೀಕ್ಷೆಯಲ್ಲಿ ಕೈಯಲ್ಲಿ ಉಜ್ಜಿ ಮೂಸಿ ನೋಡುವುದೂ ಒಂದು ಹಂತ ಎಂದು ಓದಿದೆ. ಇದನ್ನು ವಿಜ್ಞಾನ ಎನ್ನಬಹುದೇ? ಒಬ್ಬೊಬ್ಬರ ಮೂಗು ಒಂದೊಂದು ಥರ ಇರುತ್ತದಲ್ಲ?

ಉತ್ತರ: ಒಳ್ಳೆಯ ಅನುಮಾನ. ಮೊದಲು ಅದನ್ನು ಹೇಗೆ ಮಾಡುತ್ತಾರೆ ಹೇಳುತ್ತೇನೆ. ಒಣಗಿದ ನಾಲ್ಕೈದು ಗೊಂಚಲನ್ನು ಅಂಗೈಯಲ್ಲಿಟ್ಟು ಒಮ್ಮೆ ಮೆಲ್ಲಗೆ ಉಜ್ಜಿ ಮೂಸಬೇಕು. ಆಮೇಲೆ ಎರಡೂ ಅಂಗೈ ಸೇರಿಸಿ, ಬಿಸಿ ಆಗುವಷ್ಟು ಜೋರಾಗಿ ಉಜ್ಜಬೇಕು. ಎಸಳು ಪುಡಿಯಾಗಿ ಉದುರುತ್ತದೆ, ಹಳದಿ ಪುಡಿ ಕರಗಿ ಅಂಗೈಗೆ ಅಂಟುತ್ತದೆ. ಹಲಸಿನ ಮೇಣದ ಹಾಗೆ ಅಂಟಂಟು. ಆಗ ಮೂಸಿದರೆ ಮೊದಲಿನ ವಾಸನೆಯೇ ಬೇರೆ, ಈಗಿನದೇ ಬೇರೆ. ನಾನು ಮೊದಲ ಸಲ ಮಾಡಿದಾಗ ಹುಲ್ಲಿನ ವಾಸನೆ ಹೋಗಿ ಕಿತ್ತಳೆ ಸಿಪ್ಪೆ ಹಿಂಡಿದಂಥ ಘಾಟು ಬಂತು. ಸೋಪು ಹಾಕಿ ತೊಳೆದರೂ ಸಂಜೆ ತನಕ ಹೋಗಲಿಲ್ಲ, ಊಟ ಮಾಡಿದರೆ ಅನ್ನವೂ ಕಹಿ.

ಮೂಗನ್ನು ನಂಬುವ ಅಪಾಯ ನಿಮಗೆ ಹೊಳೆದಿದೆ. ಸಾಲ್ಮನ್ ಅವರ ಕಾಲದ ಕಥೆಯೇ ಅದಕ್ಕೆ ಸಾಕ್ಷಿ. ಬ್ರೂವರ್ಸ್ ಗೋಲ್ಡ್‌ನಲ್ಲಿ ಕಹಿ ಕೊಡುವ ಆಮ್ಲ ಹಳೆಯ ಇಂಗ್ಲಿಷ್ ತಳಿಗಳ ಹೆಚ್ಚು ಕಡಿಮೆ ಎರಡರಷ್ಟು. ಗೋಲ್ಡಿಂಗ್, ಫಗ್ಗಲ್‌ಗಳಲ್ಲಿ ಶೇ 4-5 ಇದ್ದರೆ ಇದರಲ್ಲಿ ಶೇ 8-10. ಆದರೂ ಇಂಗ್ಲಿಷ್ ಬಿಯರ್ ತಯಾರಕರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಕಾರಣ, ಕಾಡು ತಾಯಿಯಿಂದ ಬಂದ 'ಅಮೆರಿಕನ್' ವಾಸನೆ. 1927ರಲ್ಲಿ ವೈಯಲ್ಲೇ ಮಾಡಿದ ಬ್ರ್ಯಾಮ್ಲಿಂಗ್ ಕ್ರಾಸ್‌ಗೂ ಅದೇ ಪಾಡು. ಕಪ್ಪು ಕರಂಟ್ ಹಣ್ಣಿನ ವಾಸನೆ ಹೊಡೆಯುತ್ತದೆ ಅಂತ ಅದನ್ನು ಬದಿಗಿಟ್ಟರು. ಈಗ ಅದೇ ಹಣ್ಣಿನ ವಾಸನೆಗಾಗಿ ಸಣ್ಣ ಬಿಯರ್ ತಯಾರಕರು ಅದನ್ನು ಕೇಳಿ ಕೊಳ್ಳುತ್ತಾರೆ. ಮೂಗು ಬದಲಾಗಲಿಲ್ಲ, ರುಚಿ ಬದಲಾಯಿತು.

ಹಾಗಾದರೆ ಮೂಸಿದ್ದು ದಂಡವೇ? ಅಲ್ಲ. ಇಷ್ಟವಾಯಿತು, ಇಲ್ಲ ಎಂದಷ್ಟೇ ಬರೆದಿಟ್ಟಿದ್ದರೆ ದಂಡ. ಏನು ವಾಸನೆ ಬಂತು ಎಂದು ಬರೆದಿಟ್ಟರೆ 80 ವರ್ಷದ ನಂತರವೂ ಕೆಲಸಕ್ಕೆ ಬರುತ್ತದೆ. ವರದಿಗಳಲ್ಲಿ ತಳಿಯ ದೋಷವನ್ನೂ ಬರೆದಿಟ್ಟದ್ದರಿಂದಲೇ ಮುಂದಿನವರು ಅದನ್ನು ಹುಡುಕಿಕೊಂಡು ಬಂದರು. ನಿಮ್ಮ ತಾಕಿನ ಪುಸ್ತಕದಲ್ಲಿ 'ಪರಿಮಳ: ಸಾಧಾರಣ' ಅಂತ ಮಾತ್ರ ಬರೆಯಬೇಡಿ. ಯಾವುದರ ಹಾಗಿತ್ತು, ಅದನ್ನು ಬರೆಯಿರಿ. ಪಕ್ಕದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ತಳಿಯ ಮಾದರಿ ಇಟ್ಟುಕೊಳ್ಳಿ. ನಾಲ್ಕು ಜನರಿಗೆ ಹೆಸರು ಹೇಳದೆ ಕೊಡಿ. ಆಮೇಲೆ ಪ್ರಯೋಗಾಲಯದ ಅಂಕಿ ನೋಡಿ. ಅಂಕಿ ಮೊದಲು ನೋಡಿದರೆ ಮೂಗು ಅದರ ಹಿಂದೆಯೇ ಹೋಗುತ್ತದೆ.

ರೋಗದ ವಿಷಯದಲ್ಲೂ ದಾಖಲೆಯೇ ಕಾಪಾಡಿತು. 1920ರ ದಶಕದಲ್ಲಿ ಇಂಗ್ಲೆಂಡಿನ ಹಾಪ್ಸ್‌ಗೆ ನಮ್ಮ ದ್ರಾಕ್ಷಿಯವರು 'ಡೌನಿ' ಎನ್ನುವ ಥರದ ರೋಗ ಬಂತು. 1924ರಲ್ಲಿ ಕೆಂಟ್‌ನ ಪೆನ್ಸ್‌ಹರ್ಸ್ಟ್‌ನಲ್ಲಿ ಸೊರಗು ರೋಗ ಕಾಣಿಸಿತು. ಅದು ಮಣ್ಣಿನಿಂದ ಬರುವ ರೋಗ, ಒಮ್ಮೆ ಹೊಕ್ಕರೆ ಔಷಧಿ ಹೊಡೆದು ಓಡಿಸಲು ಆಗುವುದಿಲ್ಲ. ತಡೆದುಕೊಳ್ಳುವ ತಳಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಆಮೇಲೆ ಸೊರಗು ರೋಗ ಇರುವ ನೆಲದಲ್ಲೇ ಬೇಕೆಂದು ನೆಟ್ಟು ನೋಡುವುದು ಪರೀಕ್ಷೆಯ ಭಾಗವಾಯಿತು. ಸಾಲ್ಮನ್ ನಂತರ ವೈಯಲ್ಲಿ ಕೆಲಸ ಮಾಡಿದ ರೇ ನೀವ್ ಅವರ ಕಾಲದ ಟಾರ್ಗೆಟ್ ತಳಿ ಅಂಥ ಪರೀಕ್ಷೆ ದಾಟಿ 1972ರಲ್ಲಿ ಬಂದದ್ದು. ಅದು ಸೊರಗು ರೋಗ ತಡೆಯುತ್ತದೆ, ಬೂದಿ ರೋಗ ತಡೆಯುತ್ತದೆ, ಡೌನಿಗೆ ಮಾತ್ರ ಬಗ್ಗುತ್ತದೆ. ಈ ಮೂರನ್ನೂ ತಳಿಯ ವಿವರದಲ್ಲಿ ಬಿಚ್ಚಿ ಹೇಳಿದ್ದಾರೆ. ರೈತನಿಗೆ ಬೇಕಾದದ್ದು ಅದೇ.

ಪ್ರಶ್ನೆ (ಮೊದಲ ಓದುಗರದೇ): ಹಾಗಾದರೆ ನಮ್ಮ ಮಲೆನಾಡಿನಲ್ಲಿ ಹಾಪ್ಸ್ ಬೆಳೆಯಬಹುದೇ? ಗಿಡ ಕೊಡುತ್ತೇವೆ ಎಂದು ಒಬ್ಬರು ಫೋನ್ ಮಾಡುತ್ತಲೇ ಇದ್ದಾರೆ.

ಉತ್ತರ: ಎಕರೆಗಟ್ಟಲೆ ಹಾಕಲು ಹೋಗಬೇಡಿ. ಹಾಪ್ಸ್‌ಗೆ ಬೇಕಾದದ್ದು ತಂಪಷ್ಟೇ ಅಲ್ಲ, ಉದ್ದನೆಯ ಹಗಲು. ಕೆಂಟ್‌ನಲ್ಲಿ ಜೂನ್ ತಿಂಗಳ ಹಗಲು 16 ಗಂಟೆಗೂ ಜಾಸ್ತಿ. ನಮ್ಮಲ್ಲಿ 13 ಗಂಟೆ ಮುಟ್ಟುವುದೇ ಕಷ್ಟ. ಹಗಲು ಗಿಡ್ಡವಾದರೆ ಬಳ್ಳಿ ಎತ್ತರ ಹತ್ತುವ ಮೊದಲೇ ಹೂ ಬಿಟ್ಟು, ಬೆಳವಣಿಗೆ ನಿಲ್ಲಿಸುತ್ತದೆ. ಫಸಲು ಬೊಗಸೆಯಷ್ಟು. ಜೊತೆಗೆ ಬುಡಕ್ಕೆ ಚಳಿಗಾಲದ ನಿದ್ದೆಯೂ ಬೇಕು. ಭಾರತದಲ್ಲಿ ಇದು ನೆಲೆ ಕಂಡದ್ದು ಹಿಮಾಚಲದ ಲಾಹೌಲ್‌ನಂಥ ಎತ್ತರದ ಚಳಿ ಕಣಿವೆಯಲ್ಲಿ. ದಕ್ಷಿಣ ಆಫ್ರಿಕಾದ ಜಾರ್ಜ್ ಎಂಬ ಊರಿನ ಸುತ್ತ ಹಗಲು ಸಾಲದೆ, ಹೊಲಕ್ಕೆ ವಿದ್ಯುತ್ ದೀಪ ಹಾಕಿ ಬೆಳೆದರು. ಆಮೇಲೆ ಅಲ್ಲಿಯ ಹಗಲಿಗೆ ಒಗ್ಗುವ ತಳಿಗಳನ್ನೇ ಮಾಡಿಕೊಂಡರು.

ಫೋನ್ ಮಾಡುವವರನ್ನು ಮೂರು ಮಾತು ಕೇಳಿ. ಈ ತಳಿ ನಮ್ಮ ಅಕ್ಷಾಂಶದಲ್ಲಿ ಎಷ್ಟು ವರ್ಷ ಫಸಲು ಕೊಟ್ಟಿದೆ? ಒಂದು ಬುಡಕ್ಕೆ ಒಣ ತೂಕ ಎಷ್ಟು ಬಂತು? ಅದನ್ನು ಕೊಂಡು ಬಿಯರ್ ಕಾಯಿಸಿದವರು ಯಾರು? ಉತ್ತರ ಬರೆದು ಕೊಟ್ಟರೆ ಮುಂದಿನ ಮಾತು.

ಆಸೆ ಇದ್ದರೆ ಮನೆ ಹಿಂದೆ ಎರಡು ಬುಡ ನೆಟ್ಟು ನೋಡಿ, ಅದಕ್ಕೇನಂತೆ. ಅದಕ್ಕಿಂತ ಮೊದಲು ಮುಂದಿನ ಸಲ ಮಗ ಊರಿಗೆ ಬರುವಾಗ ಎರಡು ಚಿಟಿಕೆ ಹಾಪ್ಸ್ ತರಲು ಹೇಳಿ, ಒಂದು ಬ್ರೂವರ್ಸ್ ಗೋಲ್ಡ್, ಒಂದು ಕ್ಯಾಸ್ಕೇಡ್. ಯಾವುದು ಯಾವುದು ಅಂತ ಅವನು ಹೇಳಬಾರದು. ಎರಡು ಲೋಟ ಬಿಸಿ ನೀರಿಗೆ ಬೇರೆ ಬೇರೆ ಹಾಕಿ, ಐದು ನಿಮಿಷ ಮುಚ್ಚಿಟ್ಟು, ಮನೆಯವರೆಲ್ಲ ಮೂಸಿ ನೋಡಿ. ಯಾವುದರ ಹಾಗಿತ್ತು ಅಂತ ಒಬ್ಬೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಚೀಟಿಗಳನ್ನು ನನಗೂ ಕಳಿಸಿ.