ಫ್ಯಾಂಟಸಿ ಬೇಸ್‌ಬಾಲ್: ದೊಡ್ಡ ಕಾಂಟ್ರಾಕ್ಟ್ ಇರುವ ಸ್ಟಾರ್‌ಗಾಗಿ ಇಬ್ಬರು ಹುಡುಗರನ್ನು ಕೊಡಬಹುದಾ?

ಕೊಡಬೇಡಿ. ಕನಿಷ್ಠ ಎದುರಿನವರು ಕೇಳಿದ ರೀತಿಯಲ್ಲಿ ಕೊಡಬೇಡಿ.

ಆಫೀಸಿನ ಫ್ಯಾಂಟಸಿ ಲೀಗ್ (ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರ ಆಟದ ಅಂಕಿಗಳಿಂದ ಗೆಲುವು ಲೆಕ್ಕ ಹಾಕುವ ಆಟ), ಆಟಗಾರರಿಗೆ ವರ್ಷಗಟ್ಟಲೆ ಕಾಂಟ್ರಾಕ್ಟ್, ತಂಡಕ್ಕೆ ಸಂಬಳದ ಮಿತಿ, ಎದುರಿನವರ ಹತ್ತಿರ ಮೂವತ್ತು ದಾಟಿದ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಹಾಗೆ) ವೀರ, ನಿಮ್ಮ ಹತ್ತಿರ ಕಡಿಮೆ ಸಂಬಳದ ಇಬ್ಬರು ಹುಡುಗರು, ಅದರಲ್ಲಿ ಎರಡನೆಯವನನ್ನು ಅವರು ಆಮೇಲೆ ಸೇರಿಸಿ ಕೇಳಿದ್ದಾರೆ. ನಿಮ್ಮ ಪ್ರಶ್ನೆ ಓದಿದಾಗ 2016ರ ಚಳಿಗಾಲದ ನನ್ನನ್ನೇ ನೋಡಿದ ಹಾಗಾಯಿತು.

ಆಗ ನಾನು ಮೇರಿಲ್ಯಾಂಡ್‌ನಲ್ಲಿದ್ದೆ. ಬಾಲ್ಟಿಮೋರ್ ಹತ್ತಿರವೇ. ಕ್ರಿಕೆಟ್ ನೋಡಿ ಬೆಳೆದವನು. ಆಫೀಸಿನವರು ಕ್ಯಾಮ್ಡನ್ ಯಾರ್ಡ್ಸ್‌ಗೆ ಕರೆದುಕೊಂಡು ಹೋಗಿ ಬೇಸ್‌ಬಾಲ್ ಹುಚ್ಚು ಹಿಡಿಸಿದರು, ಆಮೇಲೆ ಲೀಗ್‌ಗೂ ಸೇರಿಸಿಕೊಂಡರು. ಊರಿನ ತಂಡ ಓರಿಯೋಲ್ಸ್. ಅದರ ಹೀರೋ ಕ್ರಿಸ್ ಡೇವಿಸ್. 2013ರಲ್ಲಿ 53 ಹೋಮ್ ರನ್, 2015ರಲ್ಲಿ 47. ಎರಡೂ ವರ್ಷ, ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಇಡೀ ಮೇಜರ್ ಲೀಗ್‌ನಲ್ಲಿ ಅವನೇ ಮೊದಲು. ಅವನು ಹೊಡೆದ ಚೆಂಡು ಬಲಗಡೆಯ ಗೋಡೆ ದಾಟುವಾಗ ಸ್ಟೇಡಿಯಂ ಪೂರ್ತಿ ಎದ್ದು ನಿಲ್ಲುತ್ತಿತ್ತು. ನಾನೂ ನಿಲ್ಲುತ್ತಿದ್ದೆ.

2016ರ ಜನವರಿಯಲ್ಲಿ ಓರಿಯೋಲ್ಸ್ ಅವನಿಗೆ ಏಳು ವರ್ಷಕ್ಕೆ 16.1 ಕೋಟಿ ಡಾಲರ್ ಕೊಟ್ಟಿತು. ಆ ತಂಡದ ಇತಿಹಾಸದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ಕಾಂಟ್ರಾಕ್ಟ್ ಇರಲಿಲ್ಲ. ಅದೇ ತಿಂಗಳು ನಮ್ಮ ಲೀಗ್‌ನಲ್ಲಿ ಡೇವಿಸ್‌ನನ್ನು ಇಟ್ಟುಕೊಂಡಿದ್ದವರು ನನಗೆ ಟ್ರೇಡ್ (ಆಟಗಾರರ ಅದಲುಬದಲು) ಕಳಿಸಿದರು. ಅವನ ಕಾಂಟ್ರಾಕ್ಟ್‌ನಲ್ಲಿ ಇನ್ನೂ ಐದು ವರ್ಷ ಬಾಕಿ, ಸಂಬಳವೂ ದೊಡ್ಡದು. ಬದಲಿಗೆ ಅವರು ಕೇಳಿದ್ದು ಒಬ್ಬ ಎಳೆಯ ಪಿಚರ್ (ಬೌಲರ್ ಹಾಗೆ ಚೆಂಡೆಸೆಯುವವನು) ಮತ್ತು, 'ಜೊತೆಗೆ ಇವನನ್ನೂ ಹಾಕಿಬಿಡಿ' ಅಂತ, ಕ್ಲೀವ್‌ಲ್ಯಾಂಡ್‌ನ ಹೊಸೆ ರಮಿರೆಸ್. ರಮಿರೆಸ್‌ಗೆ ಆಗ 23 ವರ್ಷ. ಹಿಂದಿನ ಸೀಸನ್‌ನಲ್ಲಿ ಅವನ ಬ್ಯಾಟಿಂಗ್ ಸರಾಸರಿ .219, ಅಂದರೆ ಸಾವಿರಕ್ಕೆ 219 ಹಿಟ್, ಕಳಪೆಯೇ. ನಾನು ಒಪ್ಪಿಕೊಂಡೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಮಾಡಹೊರಟಿರುವುದೂ ಅದನ್ನೇ.

ಡೇವಿಸ್ ಇಷ್ಟವಾಗಿದ್ದು ತಪ್ಪಲ್ಲ. ಹುಡುಗರನ್ನು ಕೊಟ್ಟಿದ್ದೂ ತಪ್ಪಲ್ಲ, ಹುಡುಗರಲ್ಲಿ ಹೆಚ್ಚಿನವರು ಏನೂ ಆಗುವುದಿಲ್ಲ. ಆ ಪಿಚರ್ ಕೂಡ ಏನೂ ಆಗಲಿಲ್ಲ. ತಪ್ಪು ಬೇರೆ ಕಡೆ ಇತ್ತು. 16.1 ಕೋಟಿ ಅನ್ನುವ ಅಂಕಿಯನ್ನೇ ನಾನು ಸಾಕ್ಷಿ ಅಂದುಕೊಂಡೆ. ಅಷ್ಟು ಜನ ಆಟಗಾರರನ್ನು ಅಳೆಯುವ ಸ್ಕೌಟ್‌ಗಳು, ಡಾಕ್ಟರ್‌ಗಳು, ಲೆಕ್ಕ ಹಾಕುವವರು ಇರುವ ತಂಡ ಅಷ್ಟು ದುಡ್ಡು ಕೊಡುತ್ತಿದೆ ಅಂದರೆ ಅವನು ಅಷ್ಟು ಬೆಲೆ ಬಾಳಲೇಬೇಕು, ಅಲ್ವಾ? ಅಲ್ಲ. ಪಕ್ಕದ ಸೈಟು ಒಂದು ಕೋಟಿಗೆ ಹೋಯಿತು ಅಂದಮಾತ್ರಕ್ಕೆ ನಮ್ಮ ಸೈಟಿನಲ್ಲಿ ನೀರು ಬರುತ್ತದೆ ಅಂತ ಅರ್ಥವಲ್ಲ. ಕಾಂಟ್ರಾಕ್ಟ್‌ನ ಮೊತ್ತ ಹೇಳುವುದು ಆಟಗಾರ ಈವರೆಗೆ ಏನು ಮಾಡಿದ, ಆ ತಂಡಕ್ಕೆ ಅವನು ಎಷ್ಟು ಬೇಕಾಗಿದ್ದ ಅನ್ನುವುದನ್ನು. 33ನೇ ವಯಸ್ಸಿನಲ್ಲಿ ಅವನು ಹೇಗೆ ಆಡುತ್ತಾನೆ ಅನ್ನುವುದು ಅದರಲ್ಲಿ ಬರೆದಿರುವುದಿಲ್ಲ.

ನಾನು ನೋಡಬೇಕಾಗಿದ್ದದ್ದು ಕಣ್ಣೆದುರೇ ಇತ್ತು. 47 ಹೋಮ್ ರನ್ ಹೊಡೆದ ಅದೇ 2015ರಲ್ಲಿ ಡೇವಿಸ್ 208 ಸಲ ಸ್ಟ್ರೈಕ್‌ಔಟ್ (ಚೆಂಡು ತಾಗಿಸದೆ ಮೂರು ಅವಕಾಶ ಕಳೆದು ಔಟ್) ಆಗಿದ್ದ. ಅದಕ್ಕೂ ಹಿಂದಿನ ವರ್ಷ, 2014ರಲ್ಲಿ, ಅವನ ಸರಾಸರಿ .196. ಎರಡು ಅದ್ಭುತ ವರ್ಷಗಳ ನಡುವೆ ಒಂದು ಕೆಟ್ಟ ವರ್ಷ. ನಾನು ಆ ಕೆಟ್ಟದ್ದನ್ನು ಮರೆತು 47 ಅನ್ನೇ ಅವನ ಮಾಮೂಲು ಅಂತ ಹಿಡಿದೆ. ಇಷ್ಟು ಸಲ ಚೆಂಡಿಗೆ ಬ್ಯಾಟು ತಾಗಿಸದ ಬ್ಯಾಟರ್ ಬದುಕುವುದು ಬ್ಯಾಟಿನ ವೇಗದ ಮೇಲೆ. ವಯಸ್ಸಾದಂತೆ ಆ ವೇಗ ಕಡಿಮೆಯಾಗುತ್ತದೆ. ಅದೇ ರಮಿರೆಸ್‌ನ .219 ಹಿಂದೆ ನೋಡಿದ್ದರೆ, ಅವನು ಸ್ಟ್ರೈಕ್‌ಔಟ್ ಆಗುತ್ತಿದ್ದದ್ದು ಬಹಳ ಕಡಿಮೆ. ಚೆಂಡು ಬ್ಯಾಟಿಗೆ ಸಿಗುತ್ತಿತ್ತು, ಹಿಟ್ ಆಗುತ್ತಿರಲಿಲ್ಲ, ಅಷ್ಟೇ. ಅಂಥ 23ರ ಹುಡುಗ ಸುಧಾರಿಸುವ ಸಾಧ್ಯತೆ ಜಾಸ್ತಿ. ಈ ಎರಡು ಸಾಲು ಯಾವ ವೆಬ್‌ಸೈಟಿನಲ್ಲಾದರೂ ಪುಕ್ಕಟೆ ಸಿಗುತ್ತಿತ್ತು.

ಮೊದಲ ವರ್ಷ ಡೇವಿಸ್ 38 ಹೋಮ್ ರನ್ ಹೊಡೆದ. ಗೆದ್ದೆ ಅಂದುಕೊಂಡೆ. 2017ರಲ್ಲಿ 26. 2018ರಲ್ಲಿ 16, ಸರಾಸರಿ .168. ಸಾವಿರ ಸಲ ಬ್ಯಾಟ್ ಹಿಡಿದರೆ 168 ಹಿಟ್ ಅಂತ ಲೆಕ್ಕ. ಸೀಸನ್ ಪೂರ್ತಿ ಆಡಿದ ಯಾವ ಬ್ಯಾಟರ್‌ಗೂ ಆಧುನಿಕ ಕಾಲದಲ್ಲಿ ಅಷ್ಟು ಕಡಿಮೆ ಬಂದಿರಲಿಲ್ಲ. 2018ರ ಕೊನೆಯಿಂದ 2019ರ ಏಪ್ರಿಲ್‌ವರೆಗೆ ಸತತ 54 ಸಲ ಒಂದೂ ಹಿಟ್ ಇಲ್ಲ. ಅದನ್ನು ನೋಡುವುದು ಕಷ್ಟವಾಗಿತ್ತು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದಿಲ್ಲ. ಅದೇ 2019ರಲ್ಲಿ ಅವನು ಮತ್ತು ಅವನ ಹೆಂಡತಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಗೆ 30 ಲಕ್ಷ ಡಾಲರ್ ಕೊಟ್ಟರು. ಕಾಂಟ್ರಾಕ್ಟ್ ಅವನಿಗೆ ಸಿಕ್ಕಿತ್ತು, ಅವನು ಕದ್ದಿರಲಿಲ್ಲ.

ಅತ್ತ ರಮಿರೆಸ್ 2017ರಲ್ಲಿ 29 ಹೋಮ್ ರನ್, 56 ಡಬಲ್ (ಎರಡನೇ ಬೇಸ್‌ವರೆಗೆ ತಲುಪಿಸುವ ಹಿಟ್). 2018ರಲ್ಲಿ 39 ಹೋಮ್ ರನ್, 34 ಸ್ಟೀಲ್ (ಹೊಡೆತವಿಲ್ಲದೆ ಓಡಿ ಗೆದ್ದ ಬೇಸ್). ಕ್ಲೀವ್‌ಲ್ಯಾಂಡ್ 2017ರಲ್ಲಿ ಅವನ ಜೊತೆ ಐದು ವರ್ಷಕ್ಕೆ ಒಪ್ಪಂದ ಮಾಡಿಕೊಂಡದ್ದು 2.6 ಕೋಟಿ ಡಾಲರ್‌ಗೆ. ಇನ್ನೊಮ್ಮೆ ನೋಡಿ: ಇವನಿಗೆ 2.6, ಅವನಿಗೆ 16.1.

ನನಗೆ ನಿಜವಾಗಿ ನಷ್ಟವಾಗಿದ್ದು ಡೇವಿಸ್‌ನ ಆಟದಿಂದಲ್ಲ, ಅವನ ಸಂಬಳ ಹಿಡಿದುಕೊಂಡಿದ್ದ ಜಾಗದಿಂದ. ನಮ್ಮ ಲೀಗ್‌ನಲ್ಲಿ ಆಟಗಾರನನ್ನು ಕೈಬಿಟ್ಟರೂ ಅರ್ಧ ಸಂಬಳ ನಮ್ಮ ಲೆಕ್ಕದಲ್ಲೇ ಇರುತ್ತದೆ. ಪ್ರತಿ ವರ್ಷ ಹರಾಜಿನಲ್ಲಿ ಒಳ್ಳೆಯ ಆಟಗಾರ ಬಂದಾಗ ನನ್ನ ಕೈಯಲ್ಲಿ ದುಡ್ಡಿಲ್ಲ. ನಿಮ್ಮ ಲೀಗ್‌ನಲ್ಲಿ ಕೈಬಿಟ್ಟರೆ ಏನಾಗುತ್ತದೆ ಅಂತ ನೀವು ಬರೆದೇ ಇಲ್ಲ. ಮೊದಲು ಆ ನಿಯಮ ಓದಿ. ಅಮೆರಿಕದ ಬೇಸ್‌ಬಾಲ್‌ನಲ್ಲಂತೂ ಪೂರ್ತಿ ದುಡ್ಡು ಕೊಡಲೇಬೇಕು. ಐಪಿಎಲ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ಬಂದು ಹಳೇ ಲೆಕ್ಕ ಬಹುಪಾಲು ಅಳಿಸಿಹೋಗುತ್ತದೆ. ಇಲ್ಲಿ ಹಾಗಿಲ್ಲ. ಡೇವಿಸ್ 2021ರಲ್ಲಿ ನಿವೃತ್ತನಾದ. ಓರಿಯೋಲ್ಸ್ ಮುಂದಕ್ಕೆ ಹಾಕಿಕೊಂಡ ಸಂಬಳದ ಕಂತು 2037ರವರೆಗೂ ಇದೆ.

ಈಗ ನಿಮ್ಮ ಪ್ರಶ್ನೆ. 'ಇದರಲ್ಲಿ ದೊಡ್ಡ ಆಟಗಾರ ಯಾರಿಗೆ ಸಿಗುತ್ತಾನೆ' ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟ್ರೇಡ್ ಆಗುವುದು ಬರೀ ಆಟಗಾರನಲ್ಲ, ಅವನ ಉಳಿದ ವರ್ಷಗಳು ಮತ್ತು ಆ ವರ್ಷಗಳ ಸಂಬಳ. 30 ಡಾಲರ್ ಬಾಳುವ ಆಟಕ್ಕೆ 32 ಡಾಲರ್ ತೆಗೆದುಕೊಳ್ಳುವ ಸ್ಟಾರ್ ನಿಮಗೆ ಎರಡು ಡಾಲರ್ ನಷ್ಟ. 12 ಡಾಲರ್ ಬಾಳುವ ಆಟಕ್ಕೆ ಎರಡು ಡಾಲರ್ ತೆಗೆದುಕೊಳ್ಳುವ ಹುಡುಗ ಹತ್ತು ಡಾಲರ್ ಲಾಭ. ಅದೂ ಪ್ರತಿ ವರ್ಷ.

ಹುಡುಗರು ಅಷ್ಟು ಅಗ್ಗವಾಗಿರುವುದು ಸುಮ್ನೆ ಅಲ್ಲ, ನಿಯಮವೇ ಹಾಗಿದೆ. ಮೇಜರ್ ಲೀಗ್‌ಗೆ ಬಂದ ಆಟಗಾರ ಸುಮಾರು ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಆಡಬೇಕು. 2025ರಲ್ಲಿ ಅದು 7,60,000 ಡಾಲರ್ ಆಗಿತ್ತು. ಮುಂದಿನ ಮೂರು ವರ್ಷ ಆರ್ಬಿಟ್ರೇಷನ್ (ತಂಡದ ಜೊತೆ ಒಪ್ಪಂದವಾಗದಿದ್ದರೆ ಮಧ್ಯಸ್ಥರು ಸಂಬಳ ತೀರ್ಮಾನಿಸುವ ವ್ಯವಸ್ಥೆ), ಸಂಬಳ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆರು ವರ್ಷ ತುಂಬಿದ ಮೇಲಷ್ಟೇ ಫ್ರೀ ಏಜೆಂಟ್, ಅಂದರೆ ಯಾವ ತಂಡಕ್ಕಾದರೂ ಸೇರಬಹುದು. ಅಷ್ಟರಲ್ಲಿ ಬಹಳಷ್ಟು ಜನಕ್ಕೆ ಮೂವತ್ತು ಹತ್ತಿರವಾಗಿರುತ್ತದೆ. ಅಂದರೆ ಮಾರುಕಟ್ಟೆಯಲ್ಲಿ ದೊಡ್ಡ ದುಡ್ಡಿಗೆ ಸಿಗುವವರಲ್ಲಿ ಹೆಚ್ಚಿನವರ ಅತಿ ಒಳ್ಳೆಯ ವರ್ಷಗಳು ಆಗಲೇ ಮುಗಿದಿರುತ್ತವೆ. ಆಟಗಾರರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ನೀವು ತಂಡ ಕಟ್ಟುವಾಗ ಈ ನಿಯಮ ಬಿಟ್ಟು ಲೆಕ್ಕ ಹಾಕಲು ಆಗುವುದಿಲ್ಲ.

ದೊಡ್ಡವರೂ ಇದರಲ್ಲೇ ಎಡವಿದ್ದಾರೆ. 2016ರ ಜೂನ್‌ನಲ್ಲಿ ಶಿಕಾಗೋ ವೈಟ್ ಸಾಕ್ಸ್ ಹಳಬ ಪಿಚರ್ ಜೇಮ್ಸ್ ಶೀಲ್ಡ್ಸ್‌ಗಾಗಿ 17 ವರ್ಷದ ಒಬ್ಬ ಹುಡುಗನನ್ನು ಪಾಡ್ರೆಸ್‌ಗೆ ಕೊಟ್ಟಿತು. ಆ ಹುಡುಗ ಆಮೇಲೆ ದೊಡ್ಡ ಸ್ಟಾರ್ ಆದ ಫರ್ನಾಂಡೊ ಟಾಟಿಸ್ ಜೂನಿಯರ್. 2018ರಲ್ಲಿ ಪಿಟ್ಸ್‌ಬರ್ಗ್ ಪಿಚರ್ ಕ್ರಿಸ್ ಆರ್ಚರ್ ಬೇಕೆಂದು ಟ್ಯಾಂಪಾದ ರೇಸ್ ತಂಡಕ್ಕೆ ಟೈಲರ್ ಗ್ಲಾಸ್ನೌ, ಆಸ್ಟಿನ್ ಮೆಡೋಸ್ ಅನ್ನುವ ಇಬ್ಬರು ಎಳೆಯರನ್ನು, ಮೇಲೆ ಶೇನ್ ಬಾಜ್‌ನನ್ನೂ ಕೊಟ್ಟಿತು. ಆ ಬಾಜ್ ನಿಮ್ಮ ಎರಡನೇ ಹುಡುಗನ ಹಾಗೆ, ಆಮೇಲೆ ಸೇರಿಸಿದವನು. ಟ್ರೇಡ್‌ನಲ್ಲಿ 'ಇವನನ್ನೂ ಹಾಕಿಬಿಡಿ' ಅಂದಾಗ ನಾನು ಈಗ ಅಲ್ಲೇ ನಿಲ್ಲಿಸುತ್ತೇನೆ. ಎದುರಿನವರು ಮೊದಲಿನಿಂದ ಕಣ್ಣಿಟ್ಟಿರುವುದು ಅವನ ಮೇಲೇ ಇರಬಹುದು.

ಹಾಗಂತ ಸ್ಟಾರ್‌ಗಳನ್ನು ಮುಟ್ಟಲೇಬೇಡಿ ಅನ್ನುವ ಪಂಗಡಕ್ಕೂ ನಾನು ಸೇರಿದವನಲ್ಲ. 2020ರಲ್ಲಿ ಬಾಸ್ಟನ್ ಮೂಕಿ ಬೆಟ್ಸ್‌ನನ್ನು ಡಾಡ್ಜರ್ಸ್‌ಗೆ ಕೊಟ್ಟಾಗ ಅವನ ಕಾಂಟ್ರಾಕ್ಟ್‌ನಲ್ಲಿ ಉಳಿದಿದ್ದು ಒಂದೇ ವರ್ಷ, ಸಂಬಳ 2.7 ಕೋಟಿ ಡಾಲರ್. ಬರೀ ಕಾಗದದ ಲೆಕ್ಕದಲ್ಲಿ ಬಾಸ್ಟನ್‌ನದು ಹುಚ್ಚು ಅನ್ನಿಸುತ್ತಿರಲಿಲ್ಲ. ಆದರೆ ಬೆಟ್ಸ್‌ಗೆ ಆಗ 27, ಓಟ, ಫೀಲ್ಡಿಂಗ್, ಬ್ಯಾಟು ಎಲ್ಲದರಲ್ಲೂ ಮೇಲು. ಡಾಡ್ಜರ್ಸ್ ಅವನಿಗೆ ಇನ್ನೂ 12 ವರ್ಷ ಬರೆದುಕೊಟ್ಟು ಅದೇ ವರ್ಷ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಗೆದ್ದಿತು. 27ರ ಸರ್ವಕಲಾವಲ್ಲಭ ಬೇರೆ, 31ರ ಬರೀ ಹೋಮ್ ರನ್ ಹೊಡೆಯುವವನು ಬೇರೆ. ನೀವು ಈ ವರ್ಷವೇ ಕಪ್ ಗೆಲ್ಲುವ ಸ್ಥಿತಿಯಲ್ಲಿದ್ದರೆ ನಾನು ಇಷ್ಟು ಖಡಾಖಂಡಿತವಾಗಿ ಬೇಡ ಅನ್ನುತ್ತಿರಲಿಲ್ಲ. ಆದರೆ ನಿಮ್ಮ ತಂಡ ಆರನೇ ಸ್ಥಾನದಲ್ಲಿದೆ ಅಂತ ನೀವೇ ಬರೆದಿದ್ದೀರಿ.

ಅವನು ಬೇಕೇ ಬೇಕು ಅಂದರೆ ಹೀಗೆ ಕೇಳಿ. ಒಬ್ಬನೇ ಹುಡುಗ, ಮತ್ತು ಸಂಬಳದ ಒಂದು ಪಾಲು ಅವರೇ ಹೊರಬೇಕು. ಇದು ನಾಚಿಕೆಪಡುವ ಮಾತಲ್ಲ. 2021ರಲ್ಲಿ ಕೊಲೊರಾಡೊ ನೋಲನ್ ಅರೆನಾಡೊನನ್ನು ಸೇಂಟ್ ಲೂಯಿಸ್‌ಗೆ ಕಳಿಸುವಾಗ ಅವನ ಜೊತೆ ಸುಮಾರು 5 ಕೋಟಿ ಡಾಲರ್ ಕೂಡ ಕಳಿಸಿತು. ನಿಮ್ಮ ಲೀಗ್ ಇದಕ್ಕೆ ಬಿಡದಿದ್ದರೆ, ಅವರ ಮುಂದಿನ ಹರಾಜಿನ ದುಡ್ಡಿನಲ್ಲಿ ಒಂದಿಷ್ಟು ಕೇಳಿ. ಅದಕ್ಕೂ ಇಲ್ಲ ಅಂದರೆ ಅವರಿಗೆ ಆ ಕಾಂಟ್ರಾಕ್ಟ್‌ನಿಂದ ತಪ್ಪಿಸಿಕೊಳ್ಳಬೇಕಾಗಿದೆ ಅಂತಲೇ ತಿಳಿಯಿರಿ.

ಕೆಳಗೆ ಕಾಮೆಂಟ್‌ನಲ್ಲಿ ಮೂರು ವಿಷಯ ಬರೆಯಿರಿ: ಸ್ಟಾರ್‌ನ ಕಾಂಟ್ರಾಕ್ಟ್ ಇನ್ನು ಎಷ್ಟು ವರ್ಷ, ಕಳೆದ ಮೂರು ಸೀಸನ್‌ನಲ್ಲಿ ಅವನ ಸ್ಟ್ರೈಕ್‌ಔಟ್ ಎಷ್ಟೆಷ್ಟು, ನಿಮ್ಮ ಇಬ್ಬರು ಹುಡುಗರದ್ದು ಎಷ್ಟು. ಇವತ್ತು ರಾತ್ರಿಯೇ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಟ್ರೇಡ್ ಒಪ್ಪುವ ಆ ಬಟನ್ ಒತ್ತಬೇಡಿ.